ಬಸಳೆ, ಬೇಸ್ ಗಿಟಾರ್, ಬಾನುಲಿ

1969ರ ಸುಮಾರಿನ ಮಾತು. ಜಮೈಕಾ ದ್ವೀಪದ ಸೇಂಟ್ ಆ್ಯನ್ ಪ್ರಾಂತ್ಯದ ಗುಡ್ಡದ ದಾರಿಯಲ್ಲಿ ವಿನ್‌ಸ್ಟನ್ ರಾಡ್ನಿ ಎಂಬ ಯುವಕನಿಗೆ ಗಾಯಕ ಬಾಬ್ ಮಾರ್ಲಿ ಎದುರಾದರು. ಜೊತೆಯಲ್ಲೊಂದು ಕತ್ತೆ, ಕೆಲವು ಬಕೆಟ್ಟು, ನೆಡಬೇಕಾದ ಸಸಿಗಳು. ಹುಟ್ಟೂರು ನೈನ್ ಮೈಲ್‌ನ ತಮ್ಮ ಹೊಲದತ್ತ ಹೊರಟಿದ್ದ ಮಾರ್ಲಿಯನ್ನು ತಡೆದು, ‘ನನಗೂ ಹಾಡಬೇಕೆನ್ನುವ ಆಸೆ, ಎಲ್ಲಿಂದ ಶುರು ಮಾಡಲಿ?’ ಎಂದು ರಾಡ್ನಿ ಕೇಳಿದರು. ಕಿಂಗ್‌ಸ್ಟನ್ನಿನ ಸ್ಟುಡಿಯೋ ಒನ್‌ಗೆ ಹೋಗು ಎಂದು ಹೇಳಿ ಮಾರ್ಲಿ ಹೊಲದ ದಾರಿ ಹಿಡಿದರು. ರಾಡ್ನಿ ಅಲ್ಲಿಗೆ ಹೋದರು. ‘ಬರ್ನಿಂಗ್ ಸ್ಪಿಯರ್’ ಎಂಬ ಹೆಸರಿನಲ್ಲಿ ಅವರು 1975ರಲ್ಲಿ ತಂದ ‘ಮಾರ್ಕಸ್ ಗಾರ್ವಿ’ ಇವತ್ತಿಗೂ ರೆಗೆ ಸಂಗೀತದ ಮೇರು ರೆಕಾರ್ಡುಗಳಲ್ಲಿ ಒಂದು. ಈ ಭೇಟಿಯ ಪ್ರಸಂಗವನ್ನು ಸಂದರ್ಶನಗಳಲ್ಲಿ ಅವರೇ ಹೇಳಿಕೊಂಡಿದ್ದಾರೆ.

ಮೈಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಭಾನುವಾರ ಕಳೆ ಕೀಳುವಾಗ ಕಿಟಕಿಯೊಳಗೆ ರೆಗೆ ರೆಕಾರ್ಡು ತಿರುಗುತ್ತಿರುತ್ತದೆ. ಹೊತ್ತು ಇಳಿದ ಮೇಲೆ ನುಗ್ಗೆಮರಕ್ಕೆ ಕಟ್ಟಿದ ತಂತಿಯಿಂದ ಶಾರ್ಟ್‌ವೇವ್ ರೇಡಿಯೋ ಜೀವ ಪಡೆಯುತ್ತದೆ. ಬಂದ ನೆಂಟರು, ‘ಬಸಳೆ ಚಪ್ಪರಕ್ಕೂ ಬಾಬ್ ಮಾರ್ಲಿಗೂ ಎತ್ತಣ ಸಂಬಂಧ, ಮಧ್ಯೆ ಈ ಗೊರಗೊರ ರೇಡಿಯೋ ಯಾಕೆ?’ ಎನ್ನುತ್ತಾರೆ. ಸಂಬಂಧ ನಾನು ಕಟ್ಟಿದ್ದಲ್ಲ, ಜಮೈಕಾದಲ್ಲಿ ಈ ಮೂರೂ ಒಂದೇ ಅಂಗಳದಲ್ಲಿ ಬೆಳೆದವು ಎನ್ನುವುದೇ ನನ್ನ ಉತ್ತರ.

ಮೊದಲು ಮಣ್ಣಿನ ಕಥೆ. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನ್ನರು ತಮ್ಮ ಊಟಕ್ಕೆ ಗುಡ್ಡದ ಇಳಿಜಾರಿನ ತುಂಡು ಜಾಗಗಳಲ್ಲಿ ಗೆಡ್ಡೆಗೆಣಸು, ಸೊಪ್ಪು ಬೆಳೆದುಕೊಳ್ಳುತ್ತಿದ್ದರು, ಹೆಚ್ಚಾದದ್ದನ್ನು ಭಾನುವಾರದ ಸಂತೆಯಲ್ಲಿ ಮಾರುತ್ತಿದ್ದರು. ಜಮೈಕಾದ ಮನೆಯಂಗಳದ ಕೈತೋಟಕ್ಕೆ ಆ ಬೇರಿದೆ. ಅಲ್ಲಿ ಬೆಳೆಯುವುದನ್ನು ನೋಡಿದರೆ ನಮ್ಮ ಹಿತ್ತಿಲೇ ಕಣ್ಣ ಮುಂದೆ ಬರುತ್ತದೆ. ಅವರು ಕ್ಯಾಲಲೂ ಎಂದು ಕರೆಯುವ ಸೊಪ್ಪು ನಮ್ಮ ದಂಟು, ಹರಿವೆಯ ಕುಲದ್ದೇ. ಗುಂಗೋ ಪೀಸ್ ಎಂದರೆ ತೊಗರಿ. ಕ್ರಿಸ್‌ಮಸ್ ಹೊತ್ತಿಗೆ ಹಸಿ ತೊಗರಿಕಾಳನ್ನು ತೆಂಗಿನಹಾಲಿನಲ್ಲಿ ಅನ್ನದ ಜೊತೆ ಬೇಯಿಸುತ್ತಾರೆ. ಕರಾವಳಿಯವರು ಪೋಡಿ ಮಾಡಿ ತಿನ್ನುವ ಜೀಗುಜ್ಜೆಯನ್ನು ಕ್ಯಾಪ್ಟನ್ ಬ್ಲೈ 1793ರಲ್ಲಿ ತಹೀತಿಯಿಂದ ಹಡಗಿನಲ್ಲಿ ಅಲ್ಲಿಗೆ ಸಾಗಿಸಿದ್ದು ಗುಲಾಮರ ಹೊಟ್ಟೆಯನ್ನು ಅಗ್ಗದಲ್ಲಿ ತುಂಬಿಸಲು. ಬೆಂಡೆ, ಕೆಸು, ಕುಂಬಳ ಅಲ್ಲಿಯೂ ಇವೆ. 1845ರಿಂದ ಭಾರತದ ಕೂಲಿಯಾಳುಗಳೂ ಆ ದ್ವೀಪಕ್ಕೆ ಹೋದರು, ಅವರೊಂದಿಗೆ ಮೇಲೋಗರದ ರುಚಿಯೂ ಹೋಯಿತು. ಮುಂದೆ ರಾಸ್ತಫಾರಿ ಪಂಥದವರು ‘ಐಟಲ್’ ಎಂಬ ಊಟದ ಕ್ರಮ ರೂಢಿಸಿಕೊಂಡರು: ಡಬ್ಬಿಯ ಆಹಾರ ಬೇಡ, ಹಲವರಿಗೆ ಉಪ್ಪೂ ಬೇಡ, ಮಣ್ಣಿನಿಂದ ನೇರ ಮಡಕೆಗೆ. ರೆಗೆ ಹಾಡುಗಾರರಲ್ಲಿ ಹಲವರು ಈ ಪಂಥದವರು. ಸಸಿ ಹೊತ್ತ ಕತ್ತೆಯೊಂದಿಗೆ ನಡೆದ ಮಾರ್ಲಿ ಅಲ್ಲಿನವರ ಕಣ್ಣಿಗೆ ವಿಚಿತ್ರವಾಗಿ ಕಂಡಿರಲಾರರು.

ಇನ್ನು ಆಕಾಶದ ಕಥೆ. ಜಮೈಕಾದ ಮೊದಲ ಬಾನುಲಿ ಕೇಂದ್ರ ಹುಟ್ಟಿದ್ದು ಒಬ್ಬ ಹವ್ಯಾಸಿಯ ಮನೆಯಿಂದ. ಎರಡನೇ ಮಹಾಯುದ್ಧ ಶುರುವಾದಾಗ ಜಾನ್ ಗ್ರಿನಾನ್ ಎಂಬ ಹ್ಯಾಮ್ ರೇಡಿಯೋ ಹವ್ಯಾಸಿ ತಮ್ಮ ಉಪಕರಣಗಳನ್ನು ಸರ್ಕಾರಕ್ಕೆ ಒಪ್ಪಿಸಿದರು, 1939ರ ನವೆಂಬರಿನಲ್ಲಿ ಅವುಗಳಿಂದಲೇ ‘ಜೆಡ್‌ಕ್ಯೂಐ’ ಪ್ರಸಾರ ಆರಂಭವಾಯಿತು. ಮೈಸೂರಿನವನಾದ ನನಗೆ ಈ ಸಂಗತಿ ಓದಿದಾಗ ರೋಮಾಂಚನವಾಯಿತು. ಅದಕ್ಕೂ ನಾಲ್ಕು ವರ್ಷ ಮೊದಲು, 1935ರ ಸೆಪ್ಟೆಂಬರಿನಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ನಮ್ಮೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದ್ದರಲ್ಲ! ಇಡೀ ದೇಶದ ಬಾನುಲಿಗೆ ಹೆಸರಾಗಿ ನಿಂತದ್ದು ಆ ಮನೆ-ಕೇಂದ್ರದ ಹೆಸರೇ. ಭೂಮಿಯ ಎರಡು ತುದಿಯಲ್ಲಿ ಇಬ್ಬರು ಆಸಕ್ತರು ತಮ್ಮ ಮನೆಯಲ್ಲಿ ಕೂತು ಗಾಳಿಗೆ ದನಿ ಬಿತ್ತಿದ್ದಾರೆ.

ಆದರೆ ರೆಗೆಯನ್ನು ಹುಟ್ಟಿಸಿದ್ದು ಸ್ವಂತ ಊರಿನ ಕೇಂದ್ರಕ್ಕಿಂತ ಹೆಚ್ಚಾಗಿ ದೂರದ ಕೇಂದ್ರಗಳು. 1950ರ ದಶಕದಲ್ಲಿ ಕಿಂಗ್‌ಸ್ಟನ್ನಿನ ಹುಡುಗರು ರಾತ್ರಿಯಾಗುವುದನ್ನೇ ಕಾಯುತ್ತಿದ್ದರು. ಕತ್ತಲಾದ ಮೇಲೆ ಮಯಾಮಿ, ನ್ಯೂ ಆರ್ಲಿಯನ್ಸ್, ನ್ಯಾಶ್‌ವಿಲ್ ಕೇಂದ್ರಗಳು ಸಮುದ್ರ ದಾಟಿ ಬರುತ್ತಿದ್ದವು, ಫ್ಯಾಟ್ಸ್ ಡಾಮಿನೊನಂಥವರ ರಿದಮ್ ಆ್ಯಂಡ್ ಬ್ಲೂಸ್ ಹಾಡುಗಳು ತೇಲಿ ಬರುತ್ತಿದ್ದವು. ಅವು ಮೀಡಿಯಂ ವೇವ್ ಕೇಂದ್ರಗಳು, ಆದರೆ ಅವನ್ನು ಹೊತ್ತು ತಂದದ್ದು ಶಾರ್ಟ್‌ವೇವ್ ಅಲೆಯನ್ನು ಹೊತ್ತು ತರುವ ಅದೇ ಅಯಾನುಗೋಳ. ನೆಲದಿಂದ ಅರವತ್ತು–ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ ‘ಡಿ’ ಎಂಬ ಪದರವಿದೆ. ಹಗಲಿನಲ್ಲಿ ಅದು ಮೀಡಿಯಂ ವೇವ್ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗುತ್ತದೆ, ಅಲೆಗಳು ಇನ್ನೂ ಮೇಲಿನ ಪದರಗಳಿಗೆ ತಾಗಿ ನೂರಾರು, ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಹೀಗೆ ಕೇಳಿದ ಹಾಡುಗಳನ್ನು ಬಯಲಿನಲ್ಲಿ ದೊಡ್ಡ ಸ್ಪೀಕರ್ ಕಟ್ಟಿ ನುಡಿಸುವ ‘ಸೌಂಡ್ ಸಿಸ್ಟಂ’ ದೊರೆಗಳು ಹುಟ್ಟಿದರು: ಡ್ಯೂಕ್ ರೀಡ್, ಕಾಕ್ಸನ್ ಡಾಡ್. ಅಮೆರಿಕದಲ್ಲಿ ಅಭಿರುಚಿ ಬದಲಾಗಿ ತಮಗೆ ಬೇಕಾದ ಹಾಡು ಬರುವುದು ಕಡಿಮೆಯಾದಾಗ ಇವರೇ ಸ್ಥಳೀಯರಿಂದ ಹಾಡಿಸಿ ಮುದ್ರಿಸತೊಡಗಿದರು. ಅದು ಮೊದಲು ಸ್ಕಾ ಆಯಿತು, 1966ರ ಹೊತ್ತಿಗೆ ನಿಧಾನಗೊಂಡು ರಾಕ್‌ಸ್ಟೆಡಿ ಆಯಿತು, 1968ರಲ್ಲಿ ರೆಗೆ ಎಂಬ ಹೆಸರು ಹೊತ್ತಿತು. ಡಾಡ್ ಅವರ ಸ್ಟುಡಿಯೋ ಒನ್‌ಗೇ ಮಾರ್ಲಿ ರಾಡ್ನಿಯನ್ನು ಕಳಿಸಿದ್ದು. ರೇಡಿಯೋ ದನಿ ಏರಿಳಿಯುತ್ತಿದ್ದುದರಿಂದಲೇ ರೆಗೆಯ ಎದುರುತಾಳ ಹುಟ್ಟಿತು ಎಂಬ ಕಥೆಯೂ ಇದೆ. ಚೆಂದದ ಕಥೆ, ಆದರೆ ನಾನು ಒಪ್ಪುವುದಿಲ್ಲ. ಆ ಎದುರುಪೆಟ್ಟು ನ್ಯೂ ಆರ್ಲಿಯನ್ಸಿನ ಹಾಡುಗಳಲ್ಲೂ ಜಮೈಕಾದ ಹಳ್ಳಿಹಾಡು ಮೆಂಟೋದಲ್ಲೂ ಮೊದಲೇ ಇತ್ತು.

ತಾಳದ ವಿಷಯ ಬಂದಿತಲ್ಲ, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು. ಸಮದ ಮೇಲೆ ಪೆಟ್ಟು ಬೀಳುವುದನ್ನು ಕಾಯುವ ನಮ್ಮ ಕಿವಿಗೆ ರೆಗೆ ಮೊದಮೊದಲು ಮೆಟ್ಟಿಲು ತಪ್ಪಿದಂತೆ ಕೇಳುತ್ತದೆ. ನಾಲ್ಕು ಎಣಿಕೆಯಲ್ಲಿ ಮೊದಲನೆಯದು ಖಾಲಿ. ಡ್ರಮ್ಮಿನ ಭಾರವೆಲ್ಲ ಮೂರನೆಯದರ ಮೇಲೆ. ಎರಡು ಮತ್ತು ನಾಲ್ಕರಲ್ಲಿ ಗಿಟಾರ್ ಚಕ್ಕನೆ ಕತ್ತರಿಸುತ್ತದೆ. ಕೆಳಗೆ ಬೇಸ್ ಗಿಟಾರ್ ಹಾಡಿನ ನಿಜವಾದ ರಾಗವನ್ನು ಹೊತ್ತು ನಡೆಯುತ್ತದೆ. ಮಾರ್ಲಿಯ ವೇಲರ್ಸ್ ತಂಡದಲ್ಲಿ ಈ ಕೆಲಸ ಮಾಡಿದವರು ಬ್ಯಾರೆಟ್ ಸಹೋದರರು, ಡ್ರಮ್ಮಿಗೆ ಕಾರ್ಲ್‌ಟನ್, ಬೇಸ್‌ಗೆ ಆ್ಯಸ್ಟನ್. ಕುಕ್ಕರಗಾಲಲ್ಲಿ ಕೂತು ಕುರ್ಪಿ ಹಿಡಿದವನಿಗೆ ಈ ನಡೆ ಎಷ್ಟು ಹಿತ ಎನ್ನುವುದನ್ನು ಕೇಳಿಯೇ ತಿಳಿಯಬೇಕು. ಖಾಲಿ ಎಣಿಕೆಯಲ್ಲಿ ಕೈ ಕಳೆಯ ಬುಡ ಹುಡುಕುತ್ತದೆ, ಮೂರಕ್ಕೆ ಅದು ಬೇರುಸಹಿತ ಮೇಲೆ ಬರುತ್ತದೆ. ಅವಸರವೇ ಆಗುವುದಿಲ್ಲ. ಹಾಡು ಕೇಳಿ ಗಿಡ ಹುಲುಸಾಗಿ ಬೆಳೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಕಳೆ ಕೀಳುವವನ ಸೊಂಟಕ್ಕೆ, ಮನಸ್ಸಿಗೆ ಒಳ್ಳೆಯದು. ಕಳೆ ಕಿತ್ತ ಪಾತಿಯ ಗಿಡಕ್ಕೆ ಅಷ್ಟು ಸಾಕು.

ಎಲ್‌ಪಿ ರೆಕಾರ್ಡಿನ ಒಂದು ಬದಿ ಇಪ್ಪತ್ತು ನಿಮಿಷ ಓಡುತ್ತದೆ. ಮಣ್ಣಿನ ಕೈಯಲ್ಲಿ ಅದನ್ನು ಮುಟ್ಟುವ ಹಾಗಿಲ್ಲ, ಹಾಗಾಗಿ ಒಂದು ಬದಿಗೆ ಒಂದು ಪಾತಿ ಎಂಬ ಲೆಕ್ಕ ತಾನಾಗಿ ಬರುತ್ತದೆ. ಬದಿ ಮುಗಿದರೆ ಎದ್ದು ಕೈ ತೊಳೆದು, ಒರೆಸಿಕೊಂಡು, ರೆಕಾರ್ಡು ಮಗುಚಿ, ಒಂದು ಲೋಟ ನೀರು ಕುಡಿದು ಬರುವುದು. ಟರ್ನ್‌ಟೇಬಲ್ ಮನೆಯೊಳಗೇ ಇರಲಿ. ಬಿಸಿಲು ಬಿದ್ದರೆ ವಿನೈಲ್ ಸೊಟ್ಟಗಾಗುತ್ತದೆ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಸ್ಪೀಕರನ್ನು ಮಾತ್ರ ಕಿಟಕಿಯತ್ತ ತಿರುಗಿಸಿದರಾಯಿತು. ಪಕ್ಕದ ಮನೆಯವರ ನಿದ್ದೆಯ ಸಮಯ ತಿಳಿದುಕೊಂಡಿರಬೇಕು, ಏಕೆಂದರೆ ಬೇಸ್ ದನಿ ಗೋಡೆ ದಾಟುತ್ತದೆ.

ರೇಡಿಯೋ, ರೆಗೆ ಎರಡೂ ಒಬ್ಬನೇ ಮನುಷ್ಯನಲ್ಲಿ ಕೂಡಿದ್ದನ್ನು ನೋಡಬೇಕೆಂದರೆ ಕಿಂಗ್ ಟಬ್ಬಿಯ ಹತ್ತಿರ ಹೋಗಬೇಕು. ಆಸ್ಬೋರ್ನ್ ರುಡಾಕ್ ಅವರ ನಿಜವಾದ ಹೆಸರು, ಕಸುಬು ರೇಡಿಯೋ ರಿಪೇರಿ. ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಬಡಾವಣೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುತ್ತ, ಆಂಪ್ಲಿಫೈಯರ್ ಕಟ್ಟುತ್ತ ಇದ್ದ ಅವರು 1970ರ ದಶಕದಲ್ಲಿ ಮನೆಯ ಪುಟ್ಟ ಕೋಣೆಯಲ್ಲಿ ನಾಲ್ಕು ಟ್ರ್ಯಾಕ್‌ಗಳ ಮಿಕ್ಸಿಂಗ್ ಯಂತ್ರ ಇಟ್ಟುಕೊಂಡು ‘ಡಬ್’ ಎಂಬ ಹೊಸ ಕಲೆಯನ್ನೇ ಬೆಳೆಸಿದರು. ಮುಗಿದ ಹಾಡನ್ನು ತೆಗೆದುಕೊಂಡು ಗಾಯಕನ ದನಿ ತೆಗೆಯುವುದು, ಗಿಟಾರ್ ತೆಗೆಯುವುದು, ಬೇಸ್ ಮತ್ತು ಡ್ರಮ್ ಮಾತ್ರ ಉಳಿಸುವುದು, ತೆಗೆದದ್ದರ ಒಂದು ಚೂರನ್ನು ಪ್ರತಿಧ್ವನಿಯಾಗಿ ಮತ್ತೆ ಎಸೆಯುವುದು. ಒತ್ತಾಗಿ ಮೊಳೆತ ಹರಿವೆಯ ಮಡಿಯಲ್ಲಿ ಸಸಿ ತೆಳುಗೊಳಿಸಿ ಉಳಿದವಕ್ಕೆ ಗಾಳಿ, ಬೆಳಕು ಬಿಡುವ ಕೆಲಸವೇ ಇದು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ನಲವತ್ತೈದು ಆರ್‌ಪಿಎಂನ ಚಿಕ್ಕ ರೆಕಾರ್ಡುಗಳ ಒಂದು ಬದಿಯಲ್ಲಿ ಹಾಡು, ಹಿಂಬದಿಯಲ್ಲಿ ಅದರ ಈ ರೂಪ. ಟಬ್ಬಿಯ ಸಮಕಾಲೀನ ಲೀ ‘ಸ್ಕ್ರ್ಯಾಚ್’ ಪೆರ್ರಿ 1973ರಲ್ಲಿ ಮನೆಯ ಹಿತ್ತಿಲಲ್ಲೇ ‘ಬ್ಲ್ಯಾಕ್ ಆರ್ಕ್’ ಸ್ಟುಡಿಯೋ ಕಟ್ಟಿದರು. ತಾಳೆಯ ಜಾತಿಯ ಮರವೊಂದರ ಬುಡದಲ್ಲಿ ಮೈಕ್ ಹೂತು, ಕಾಂಡ ಗುದ್ದಿ ಡ್ರಮ್ಮಿನ ದನಿ ಹಿಡಿದರು ಎಂದು ಅವರ ಬಗ್ಗೆ ಹೇಳುತ್ತಾರೆ. ನಮ್ಮ ತೆಂಗಿನಮರಕ್ಕೆ ಕಿವಿಗೊಟ್ಟು ಗುದ್ದಿ ನೋಡಿದ್ದೇನೆ. ಆಳವಾದ ದನಿ ನಿಜಕ್ಕೂ ಇದೆ.

ಶಾರ್ಟ್‌ವೇವ್‌ಗೆ ಹಿತ್ತಿಲಿಗಿಂತ ಒಳ್ಳೆಯ ಜಾಗವಿಲ್ಲ. ಮನೆಯೊಳಗೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಅಲೆಯನ್ನು ಕೆಡಿಸುತ್ತವೆ. ಅಂಗಳಕ್ಕೆ ಬಂದರೆ ಗದ್ದಲ ಅರ್ಧಕ್ಕಿಳಿಯುತ್ತದೆ, ಬೀದಿಗೆಲ್ಲ ಕರೆಂಟು ಹೋದರಂತೂ ಸುಗ್ಗಿ. ಹಳೆಯ ಮನೆಗಳ ಜಗುಲಿಯ ಉದ್ದಕ್ಕೂ ಕಟ್ಟುತ್ತಿದ್ದ ಜಾಲರಿಯ ಏರಿಯಲ್, ಅಂಚೆ ಕಚೇರಿಯಲ್ಲಿ ಮಾಡಿಸುತ್ತಿದ್ದ ರೇಡಿಯೋ ಲೈಸೆನ್ಸು ಹಿರಿಯರಿಗೆ ನೆನಪಿರಬಹುದು. 1952ರಿಂದ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ಕೇಳಿಸಿದ್ದು, 1957ರಲ್ಲಿ ವಿವಿಧ ಭಾರತಿ ಶುರುವಾದದ್ದು ಎಲ್ಲ ಶಾರ್ಟ್‌ವೇವ್ ಮೇಲೆಯೇ. ನನ್ನದು ನುಗ್ಗೆಮರದಿಂದ ಬಟ್ಟೆ ಒಣಗಿಸುವ ಕಂಬದವರೆಗೆ ಎಳೆದ ಸಾದಾ ತಾಮ್ರದ ತಂತಿ. ಅರ್ತ್ ತಂತಿಯ ಸರಳನ್ನು ಬಾಳೆಯ ಬುಡದಲ್ಲಿ ಇಳಿಸಿದ್ದೇನೆ. ಅಲ್ಲಿ ಮಣ್ಣು ಸದಾ ಹಸಿ, ಹಸಿ ಮಣ್ಣಿನಲ್ಲಿ ಅರ್ತ್ ಚೆನ್ನಾಗಿ ಕೂರುತ್ತದೆ. ಬಾಳೆಗೆ ನೀರು ಬಿಟ್ಟರೆ ರೇಡಿಯೋಗೂ ಉಪಕಾರ.

ಉಪಕಾರ ತಿರುಗಿಯೂ ಬರುತ್ತದೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ, ಆಕಾಶ ಇನ್ನೂ ನೀಲಿಯಾಗಿರುವಾಗಲೇ ಕಡಿಮೆ ಫ್ರೀಕ್ವೆನ್ಸಿಗಳಲ್ಲಿ ಚಟ್ ಚಟ್ ಸದ್ದು ಶುರುವಾಗುತ್ತದೆ. ಎಲ್ಲೋ ದೂರದ ಮಿಂಚು ಅದು. ಸದ್ದು ದಟ್ಟವಾಗುತ್ತ ಹೋದರೆ ಅಂದು ಗಿಡಕ್ಕೆ ನೀರು ಹಾಕುವ ಮೊದಲು ಸ್ವಲ್ಪ ಕಾಯುತ್ತೇನೆ. ಅಶ್ವಿನಿ, ಭರಣಿ ಮಳೆ ಎಷ್ಟೋ ಸಲ ಹೀಗೆ ರೇಡಿಯೋದಲ್ಲಿ ಮುಂಚೆಯೇ ಬಂದು ಹೋಗಿದೆ. ಆದರೆ ಗುಡುಗು ಕಿವಿಗೆ ಬೀಳುವ ಮೊದಲೇ ಏರಿಯಲ್ ಕಳಚಿ, ಸೆಟ್ಟನ್ನು ಒಳಗಿಡಬೇಕು. ಇದರಲ್ಲಿ ಅಸಡ್ಡೆ ಸಲ್ಲದು.

ಗಿಡ ಮತ್ತು ರೇಡಿಯೋ ಎರಡರ ಯಜಮಾನನೂ ಸೂರ್ಯನೇ. ಹಗಲಿನಲ್ಲಿ 19 ಮೀಟರ್, 16 ಮೀಟರ್ ಬ್ಯಾಂಡುಗಳು ಚುರುಕು. ಹೊತ್ತು ಮುಳುಗಿ ಮಲ್ಲಿಗೆ ಬಿರಿಯುವಾಗ 31 ಮತ್ತು 49 ಮೀಟರ್ ತುಂಬಿಕೊಳ್ಳುತ್ತವೆ. ಸುಮಾರು ಹನ್ನೊಂದು ವರ್ಷಗಳ ಸೂರ್ಯಕಲೆಗಳ ಚಕ್ರದಲ್ಲಿ ಕಲೆಗಳು ಹೆಚ್ಚಾದಾಗ ಎತ್ತರದ ಬ್ಯಾಂಡುಗಳೂ ತೆರೆದುಕೊಳ್ಳುತ್ತವೆ, ಆದರೆ ದೊಡ್ಡ ಸೌರಜ್ವಾಲೆ ಎದ್ದರೆ ಬೆಳಕಿರುವ ಅರ್ಧಗೋಳದಲ್ಲಿ ಒಮ್ಮೆಲೇ ಎಲ್ಲವೂ ಮೌನ. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಗಾಗಿದ್ದು ಅಂಥ ಜ್ವಾಲೆಗಳ ಜೊತೆಗೇ ಎದ್ದ ಸೌರ ಬಿರುಗಾಳಿಗೆ.

ಕೇಂದ್ರಗಳು ಕಡಿಮೆಯಾಗಿವೆ ಎನ್ನುವುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ. ರೇಡಿಯೋ ನೆದರ್‌ಲ್ಯಾಂಡ್ಸ್ 2012ರಲ್ಲಿ ಶಾರ್ಟ್‌ವೇವ್ ಬಿಟ್ಟಿತು, ಬಿಬಿಸಿ ಹಿಂದಿ 2020ರ ಜನವರಿಯ ಕೊನೆಗೆ. ಅಂತರ್ಜಾಲ ಕಡಿದರೂ, ಯುದ್ಧ ಬಂದರೂ ಬ್ಯಾಟರಿ ಸೆಟ್ಟಿನಲ್ಲಿ ಕೇಳುವ, ಕೇಳುಗ ಯಾರೆಂದು ಯಾರೂ ಪತ್ತೆ ಮಾಡಲಾಗದ ದಾರಿ ಇದು. ಇದನ್ನು ಹಳತೆಂದು ಮುಚ್ಚುವವರು ತಪ್ಪು ಮಾಡುತ್ತಿದ್ದಾರೆ. ಆದರೂ ಬಿಬಿಸಿ ವರ್ಲ್ಡ್ ಸರ್ವಿಸ್, ಚೀನಾ, ಜಪಾನ್, ವಿಯೆಟ್ನಾಂ, ಟರ್ಕಿ, ರೊಮೇನಿಯಾ ಕೇಂದ್ರಗಳನ್ನು ಹುಡುಕುವ ಸುಖ ಇನ್ನೂ ಉಳಿದಿದೆ.

ಹೊಸಬರು ಕೈ ಹಾಕುವುದಾದರೆ ಮೂರನ್ನೂ ಸಣ್ಣದಾಗಿ ಶುರು ಮಾಡಿ. ಒಂದು ಅಗಲ ಕುಂಡ, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಹಿಡಿ ಬೇವಿನ ಹಿಂಡಿ, ಹರಿವೆ ಬೀಜ. ತಿಂಗಳೊಳಗೆ ಸೊಪ್ಪು ಕೀಳಬಹುದು. ಬಸಳೆಗೆ ಬೀಜವೂ ಬೇಡ, ಮಾರುಕಟ್ಟೆಯಿಂದ ತಂದ ಕಟ್ಟಿನ ದಪ್ಪ ಕಾಂಡವನ್ನೇ ಚುಚ್ಚಿದರೆ ಹಬ್ಬುತ್ತದೆ. ಮೊದಲ ರೆಕಾರ್ಡಿಗೆ ನಾನು ಹೇಳುವುದು ಆಗಸ್ಟಸ್ ಪ್ಯಾಬ್ಲೊ ಅವರ, ಟಬ್ಬಿ ಮಿಕ್ಸ್ ಮಾಡಿದ, 1976ರ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’. ಊದುವ ಪುಟ್ಟ ಕೀಲಿಮಣೆ ಮೆಲೋಡಿಕಾದ ಆ ದನಿ ಹಾರ್ಮೋನಿಯಂ ಕೇಳಿ ಬೆಳೆದ ನಮಗೆ ತಕ್ಷಣ ಹಿಡಿಸುತ್ತದೆ. ರೇಡಿಯೋ ಪಕ್ಕದಲ್ಲೊಂದು ನೋಟುಪುಸ್ತಕ ಇಡಿ: ತಾರೀಖು, ಸಮಯ, ಫ್ರೀಕ್ವೆನ್ಸಿ, ದನಿಯ ಗುಣಮಟ್ಟಕ್ಕೆ ಒಂದರಿಂದ ಐದರವರೆಗೆ ಅಂಕ. ಬಿತ್ತಿದ ದಿನ, ಮೊಳೆತ ದಿನವನ್ನೂ ಅದರಲ್ಲೇ ಬರೆಯಬಹುದು, ನಾನು ಹಾಗೆಯೇ ಮಾಡುತ್ತೇನೆ. ಕೇಳಿದ ವಿವರವನ್ನು ಕೇಂದ್ರಕ್ಕೆ ಬರೆದು ಕಳಿಸಿದರೆ ಕೆಲವು ಕೇಂದ್ರಗಳು ಈಗಲೂ ಕೇಳಿದ್ದನ್ನು ದೃಢೀಕರಿಸುವ ಕ್ಯೂಎಸ್‌ಎಲ್ ಕಾರ್ಡು ಕಳಿಸುತ್ತವೆ. ಪ್ರಸಾರ ಮಾಡುವವರಿಗೂ ತಮ್ಮ ಅಲೆ ಎಲ್ಲಿ ಇಳಿಯಿತೆಂಬ ಸುದ್ದಿ ಬೇಕಾಗಿರುತ್ತದೆ, ಬರೆಯಲು ಹಿಂಜರಿಯಬೇಡಿ.