ಸೊಂಟದ ಚಾಕು: ಹೊಳಪು ನೋಡಬೇಡಿ, ಹದ ನೋಡಿ

ಈಗ ಹೊಲಕ್ಕೆ ಹೋಗುವ ರೈತನ ಜೇಬಿನಲ್ಲಿ ಮೊಬೈಲ್ ಇರುತ್ತದೆ, ಎಲೆಅಡಿಕೆ ಇರುತ್ತದೆ, ಚಾಕು ಮಾತ್ರ ಇರುವುದಿಲ್ಲ. ಹಗ್ಗ ತುಂಡು ಮಾಡಬೇಕಾದರೆ ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಲ್ಲಿ ಜಜ್ಜುತ್ತಾನೆ. ಬೀಜದ ಚೀಲದ ಹೊಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾನೆ. ಬೀಜಕ್ಕೆ ಔಷಧಿ ಹಚ್ಚಿದ್ದರೆ ಅದೂ ಬಾಯಿಗೇ ಹೋಯಿತು. ಒಂದು ಸಣ್ಣ ಚಾಕು ಸೊಂಟದಲ್ಲಿದ್ದರೆ ಇಷ್ಟೆಲ್ಲ ತಾಪತ್ರಯವಿಲ್ಲ.

ನಾನು ಇಲ್ಲಿ ಹೇಳುತ್ತಿರುವುದು ಮಚ್ಚು, ಕುಡುಗೋಲು, ಕೊಡಲಿ ವಿಚಾರ ಅಲ್ಲ. ರಾಗಿ ಕೊಯ್ಯಲು ಕುಡುಗೋಲೇ ಬೇಕು, ಬೇಲಿ ಕಡಿಯಲು ಮಚ್ಚೇ ಬೇಕು, ಕುರಿಗೆ ಜಾಲಿಸೊಪ್ಪು ಎಳೆಯಲು ದೋಟಿಯೇ ಬೇಕು. ಇವೆಲ್ಲ ಕೆಲಸ ಇದ್ದಾಗ ಒಯ್ಯುವಂಥವು. ಚಾಕು ಹಾಗಲ್ಲ, ಕೆಲಸ ಇರಲಿ ಬಿಡಲಿ ಮೈಮೇಲೆ ಇರಬೇಕಾದ್ದು. ಯಾಕೆಂದರೆ ಅದರ ಅಗತ್ಯ ಹೇಳಿಕೇಳಿ ಬರುವುದಿಲ್ಲ.

ಮೂರು ವರ್ಷದ ಕೆಳಗೆ ಶೇಂಗಾ ಬಿತ್ತುವ ಕಾಲದಲ್ಲಿ ನಮ್ಮ ಪಕ್ಕದ ಹೊಲದವರು ಎತ್ತನ್ನು ಕೃಷಿಹೊಂಡದ ಏರಿ ಮೇಲಿನ ಜಾಲಿಮರಕ್ಕೆ ಕಟ್ಟಿದ್ದರು. ಎತ್ತು ಮೇವಿಗೆ ಕತ್ತು ಚಾಚಿ ಕಾಲುಜಾರಿ ಇಳಿಜಾರಿಗೆ ಬಿತ್ತು. ಕೊರಳಿಗೆ ನೈಲಾನ್ ಹಗ್ಗ, ಅದರ ಮೇಲೆ ಎತ್ತಿನ ಪೂರಾ ಭಾರ. ಗಂಟು ಕಲ್ಲಾಗಿತ್ತು. ಅವರ ಹಿರಿಮಗ ಕುಡುಗೋಲು ತರಲು ಮನೆ ಕಡೆ ಓಡಿದ. ಕಿರಿಯವನು ನನ್ನನ್ನು ನೋಡಿ ‘ದೊಡ್ಡಪ್ಪಾ, ಬೇಗ ಬಾ’ ಎಂದು ಕೂಗಿದ. ನನ್ನ ಸೊಂಟದಲ್ಲಿ ಚಾಕು ಇತ್ತು. ನಾಲ್ಕು ಸಲ ಎಳೆದಾಗ ಹಗ್ಗ ಕಡಿಯಿತು. ಎತ್ತು ಸ್ವಲ್ಪ ಹೊತ್ತು ಬಿದ್ದಲ್ಲೇ ಬಿದ್ದಿದ್ದು ಆಮೇಲೆ ಎದ್ದಿತು. ಕುಡುಗೋಲು ತರಲು ಹೋದ ಹುಡುಗ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಿತ್ತನೆ ಕಾಲದಲ್ಲಿ ಒಂದು ಎತ್ತು ಹೋದರೆ ಏನಾಗುತ್ತದೆ ಎಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಎಂಥ ಚಾಕು ತಗೋಬೇಕು?

ಜವಾಬ್ದಾರಿ ಈಗ ನಮ್ಮದು

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಊರಿನ ಆಯಗಾರರಲ್ಲಿ ಕಮ್ಮಾರರೂ ಒಬ್ಬರು. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಒಯ್ಯುತ್ತಿದ್ದರು, ವರ್ಷವಿಡೀ ನಮ್ಮ ಕುಳ, ಕುಡುಗೋಲು ಹಣಿದು ಕೊಡುತ್ತಿದ್ದರು. ಚಾಕು ಬಾಯಿ ಮಡಚಿದರೆ ಮರುದಿನವೇ ಕುಲುಮೆ ಮುಂದೆ ನಾವು ನಿಂತಿರುತ್ತಿದ್ದೆವು. ಹದಕ್ಕೆ ಮಾಡಿದವರೇ ಜವಾಬ್ದಾರರು.

ಈಗ ಬಹಳ ಊರುಗಳಲ್ಲಿ ಕುಲುಮೆ ಆರಿದೆ. ಚಾಕು ಸಂತೆಯಲ್ಲಿ, ಜಾತ್ರೆಯಲ್ಲಿ, ಪೇಟೆ ಅಂಗಡಿಯಲ್ಲಿ ಸಿಗುತ್ತದೆ. ಮಾಡಿದವನು ಯಾರೋ, ಮಾರುವವನು ಯಾರೋ. ಆದ್ದರಿಂದ ಕಮ್ಮಾರರಿಗೆ ತಿಳಿದಿದ್ದ ನಾಲ್ಕು ವಿಷಯವನ್ನು ಕೊಳ್ಳುವ ನಾವು ತಿಳಿದಿರಬೇಕು.

ಕಬ್ಬಿಣವೇ ಬೇರೆ, ಉಕ್ಕೇ ಬೇರೆ

ಕಬ್ಬಿಣಕ್ಕೆ ಇಂಗಾಲ ಸೇರಿದರೆ ಉಕ್ಕು. ಇದು ನಮ್ಮ ಸೀಮೆಗೆ ಹಳೇ ವಿದ್ಯೆ. ಇಂಗ್ಲಿಷರು ದಕ್ಷಿಣ ಭಾರತದ ಉಕ್ಕಿಗೆ ‘ವೂಟ್ಜ್’ ಅಂತಿದ್ದರು. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂತೆಂದು ಬಹಳ ಜನ ವಿದ್ವಾಂಸರು ಹೇಳುತ್ತಾರೆ. 1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬಾತ ಮೈಸೂರು ಸೀಮೆಯಲ್ಲಿ ಸುತ್ತಾಡಿ ಇಲ್ಲಿ ಕಬ್ಬಿಣ, ಉಕ್ಕು ಮಾಡುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಚೂರಿನ ಜೊತೆ ತಂಗಡಿ ಕಡ್ಡಿ ಇಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿ ಒಳಗೇ ಇದ್ದಿಲಾಗಿ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ನಮ್ಮ ಬದುವಿನ ಮೇಲೆ ಹಳದಿ ಹೂ ಬಿಡುವ ಅದೇ ತಂಗಡಿ.

ಇಂಗಾಲದ ಲೆಕ್ಕ ಬಹಳ ಸಣ್ಣದು. ಕಿಟಕಿ ಸರಳು, ಗೇಟಿನ ಪಟ್ಟಿ ಮಾಡುವ ಮೆತ್ತನೆ ಕಬ್ಬಿಣದಲ್ಲಿ ನೂರಕ್ಕೆ ಕಾಲು ಪಾಲು ಕೂಡ ಇರುವುದಿಲ್ಲ. ಅದನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಚಾಕುವಿಗೆ ಬೇಕಾದಷ್ಟು ಗಡುಸು ಬಾರದು. ಲಾರಿ ಕಮಾನಿನ ಪಟ್ಟಿಯಲ್ಲಿ ನೂರಕ್ಕೆ ಅರ್ಧಕ್ಕಿಂತ ತುಸು ಹೆಚ್ಚು ಇರುತ್ತದೆ. ಹಳೇ ಅರದಲ್ಲಿ ಒಂದು ಪಾಲಿನ ಸುತ್ತಮುತ್ತ. ಕಮಾನು ಪಟ್ಟಿ ಮಚ್ಚಿಗೂ ಚಾಕುವಿಗೂ ಆಗುತ್ತದೆ. ಅರದಲ್ಲಿ ಮಾಡಿದ ಚಾಕು ಬಾಯಿ ಬಹಳ ದಿನ ನಿಲ್ಲುತ್ತದೆ, ಆದರೆ ಹದ ತಪ್ಪಿದರೆ ಗಾಜಿನಂತೆ ಮುರಿಯುತ್ತದೆ.

ಹದ ಅಂದರೆ ಏನು?

ಉಕ್ಕು ಒಳ್ಳೆಯದಿದ್ದು ಹದ ಕೆಟ್ಟರೆ ಚಾಕು ಕೆಟ್ಟ ಹಾಗೇ. ನಮ್ಮ ಕಡೆ ಇನ್ನೂ ಕುಲುಮೆ ನಡೆಸುವ ಒಬ್ಬ ಹಿರಿಯ ಆಚಾರ್ರನ್ನು ಕೇಳಿದೆ. ‘ನೋಡಪ್ಪಾ, ಕರ್ರಗಿರೋವಾಗ ಕಬ್ಬಿಣ ಎಲ್ಲಾ ಒಂದೇ. ಕೆಂಪಗಾದ ಮ್ಯಾಲೇ ಅದರ ಗುಣ ಗೊತ್ತಾಗೋದು’ ಅಂದರು. ಅವರು ಮಾಡಿ ತೋರಿಸಿದ್ದು ಹೀಗೆ.

ಅಲಗನ್ನು ಕೆಂಪಗೆ ಕಾಯಿಸಬೇಕು. ಸೂಜಿಗಲ್ಲು, ಅಂದರೆ ಮ್ಯಾಗ್ನೆಟ್, ಅಂಟುವುದು ನಿಂತಾಗ ಸುಮಾರು 770 ಡಿಗ್ರಿ ಮುಟ್ಟಿದೆ ಎಂದು ಲೆಕ್ಕ. ಇನ್ನು ತುಸು ಕಾಯಿಸಿ ಎಣ್ಣೆಗೆ ಅದ್ದಬೇಕು. ಆಗ ಅಲಗು ಗಡುಸಾಗುತ್ತದೆ, ಅಷ್ಟೇ ಪೆಡಸೂ ಆಗುತ್ತದೆ. ಕೆಳಗೆ ಬಿದ್ದರೆ ಎರಡು ತುಂಡು. ಆದ್ದರಿಂದ ಅದನ್ನು ಉಜ್ಜಿ ಬೆಳ್ಳಗೆ ಮಾಡಿ, ಸಣ್ಣ ಕಾವಿನಲ್ಲಿ ಮತ್ತೆ ಕಾಯಿಸಬೇಕು. ಒಣಹುಲ್ಲಿನ ಬಣ್ಣ ಬರುತ್ತದೆ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಸಣ್ಣ ಚಾಕುವಿಗೆ ಹುಲ್ಲಿನ ಬಣ್ಣದಿಂದ ಕಂದಿನೊಳಗೆ ನಿಲ್ಲಿಸಬೇಕು. ಅದು 220ರಿಂದ 260 ಡಿಗ್ರಿ. ಪೆಟ್ಟು ತಿನ್ನುವ ಮಚ್ಚಿಗೆ ನೀಲಿ ತನಕ ಹೋಗಬಹುದು, ಅದು 300ರ ಹತ್ತಿರ. ಇಷ್ಟೇ ಹದ. ಬಣ್ಣ ನೋಡುವ ಕಣ್ಣು ಬೇಕು, ಅವಸರ ಇರಬಾರದು.

ಕೊಳ್ಳುವಾಗ ಪರೀಕ್ಷೆ

1. ಹಳೇ ಸ್ಪೀಕರಿನ ಮ್ಯಾಗ್ನೆಟ್ ಒಂದು ಜೇಬಿನಲ್ಲಿರಲಿ. ಹೊಳೆಯುವ ಸ್ಟೀಲ್ ಚಾಕುವಿಗೆ ಅದು ಗಟ್ಟಿಯಾಗಿ ಅಂಟದಿದ್ದರೆ ಬಿಟ್ಟುಬಿಡಿ. ಅದು ತಟ್ಟೆ, ಲೋಟ ಮಾಡುವ ಸ್ಟೀಲು, ಅದಕ್ಕೆ ಹದ ಹತ್ತುವುದಿಲ್ಲ. ಅಂಟಿದ ಮಾತ್ರಕ್ಕೆ ಒಳ್ಳೆಯದೆಂದೂ ಅಲ್ಲ, ಮೆತ್ತನೆ ಕಬ್ಬಿಣಕ್ಕೂ ಅಂಟುತ್ತದೆ.

2. ಹಿಡಿಯ ಹತ್ತಿರ ಅಲಗಿನ ಬಾಯಿ ಮೇಲೆ ಸಣ್ಣ ಅರ ಎಳೆದು ನೋಡಿ. ಅರ ಸಲೀಸಾಗಿ ಕಚ್ಚಿದರೆ ಅಲಗು ಮೆತ್ತಗೆ. ಜಾರಿ ಜಾರಿ ಹೋಗಿ ಕಷ್ಟದಲ್ಲಿ ಕಚ್ಚಿದರೆ ಹದ ಇದೆ.

3. ಒಣಗಿದ ಜಾಲಿ ಕಡ್ಡಿಯನ್ನು ಹತ್ತಿಪ್ಪತ್ತು ಸಲ ಕೆತ್ತಿ, ಬಾಯನ್ನು ಬಿಸಿಲಿಗೆ ಹಿಡಿದು ನೋಡಿ. ಬಾಯಿ ಮಡಚಿದ್ದರೆ ಮೆತ್ತಗಿದೆ. ಚಕ್ಕೆ ಹಾರಿದ್ದರೆ ಗಡುಸು ಹೆಚ್ಚಾಗಿದೆ. ಎರಡೂ ಇಲ್ಲದಿದ್ದರೆ ದುಡ್ಡು ಕೊಡಿ. ಗಡುಸು ಹೆಚ್ಚಾದದ್ದನ್ನು ಬಲ್ಲ ಆಚಾರ್ರು ಮತ್ತೆ ಕಾಯಿಸಿ ಸರಿಮಾಡಬಹುದು.

4. ಅಲಗಿನ ಬಾಲ ಹಿಡಿಯೊಳಗೆ ಎಷ್ಟು ದೂರ ಹೋಗಿದೆ ನೋಡಿ. ಹಿಡಿಯ ಕೊನೆ ತನಕ ಹೋಗಿ ಎರಡು ಮೂರು ರಿವಿಟ್ಟು ಬಿದ್ದಿದ್ದರೆ ಉತ್ತಮ. ಅರ್ಧ ಬೆರಳಷ್ಟು ಬಾಲವನ್ನು ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ್ದು ಕೆಲಸದ ನಡುವೆ ಕಳಚಿಕೊಳ್ಳುತ್ತದೆ. ಜಾತ್ರೆಯಲ್ಲಿ ಕೊಂಡ ಅಂಥದ್ದೊಂದು ಚಾಕು ನಮ್ಮ ಊರಿನ ಹುಡುಗನೊಬ್ಬನ ಅಂಗೈ ಸೀಳಿತು. ಬೆರಳಿನ ನರ ಕಡಿದು, ಆ ಹುಡುಗ ಇವತ್ತಿಗೂ ಕಿರುಬೆರಳು ಪೂರಾ ಮಡಚಲಾರ. ಚಾಕುವಿಗೆ ಕೊಟ್ಟಿದ್ದು ಮೂವತ್ತು ರೂಪಾಯಿ.

ಮಡಿಚುವುದೋ, ನೇರದ್ದೋ?

ಮಡಿಚುವ ಚಾಕು ಜೇಬಿಗೆ ಅನುಕೂಲ. ಆದರೆ ತೆರೆದ ಮೇಲೆ ಕಚ್ಚಿ ನಿಲ್ಲುವ ಕೊಂಡಿ ಇರಲೇಬೇಕು. ಇಲ್ಲದಿದ್ದರೆ ಒತ್ತುವಾಗ ಮಡಚಿ ನಮ್ಮ ಬೆರಳನ್ನೇ ಕೊಯ್ಯುತ್ತದೆ. ತೆರೆದು, ಅಲಗಿನ ಬೆನ್ನನ್ನು ಮರದ ಮೇಲೆ ಮೆಲ್ಲಗೆ ತಟ್ಟಿ ನೋಡಿ. ಕೊಂಡಿ ಬಿಟ್ಟರೆ ಬೇಡ. ಅಲಗು ಆಕಡೆ ಈಕಡೆ ಅಲ್ಲಾಡಿದರೂ ಬೇಡ. ನಮ್ಮ ಕೆಮ್ಮಣ್ಣು, ಮರಳು ಸಂದಿಗೆ ಸೇರುತ್ತದೆ, ಆಗಾಗ ತೊಳೆದು ಒಂದು ತೊಟ್ಟು ಎಣ್ಣೆ ಬಿಡಬೇಕು.

ನೇರ ಚಾಕುವಿನಲ್ಲಿ ಕೆಡಲು ಏನೂ ಇಲ್ಲ. ಆದರೆ ಚರ್ಮದ ಒರೆ ಬೇಕೇ ಬೇಕು. ಬರಿಚಾಕು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ಕಳೆ ತೆಗೆಯುವುದು ತಮಾಷೆಯಲ್ಲ.

ಎರಡರಲ್ಲಿ ಯಾವುದಾದರೂ ಅಲಗು ಮೂರರಿಂದ ಮೂರೂವರೆ ಅಂಗುಲ ಸಾಕು, ದಪ್ಪ ಎರಡರಿಂದ ಎರಡೂವರೆ ಮಿಲಿಮೀಟರ್. ದಪ್ಪ ಅಲಗು ನೋಡಲು ಗಟ್ಟಿಮುಟ್ಟು, ಆದರೆ ಹಗ್ಗಕ್ಕೂ ಈರುಳ್ಳಿಗೂ ಮೊಂಡಾಟ ಮಾಡುತ್ತದೆ. ಮಾವು, ಬೋರೆಗೆ ಕಸಿ ಕಟ್ಟುವವರು ಬೇರೆ ಚಾಕು ಇಟ್ಟುಕೊಳ್ಳಬೇಕು. ಕಸಿ ಚಾಕುವಿಗೆ ಒಂದೇ ಮಗ್ಗುಲು ಮಸೆದಿರುತ್ತದೆ, ಆಗಲೇ ಗಾಯ ಮಟ್ಟಸವಾಗಿ ಕಡ್ಡಿ ಕೂರುವುದು.

ಹಿಡಿಗೆ ಚೆನ್ನಾಗಿ ಒಣಗಿದ ಕರಿಜಾಲಿ ಅಥವಾ ಕಮರ ಒಳ್ಳೆಯದು. ಹಸಿಮರ ಹಾಕಿದರೆ ಬೇಸಿಗೆಯಲ್ಲಿ ಕುಗ್ಗಿ ಸಡಿಲಾಗುತ್ತದೆ. ಸಡಿಲಾದಾಗ ನೀರಲ್ಲಿ ನೆನೆಹಾಕುವುದು ಅಂದಿಗೆ ಮಾತ್ರ ಉಪಾಯ, ಒಣಗಿದ ಮೇಲೆ ಇನ್ನೂ ಸಡಿಲ. ಅಗಸೆ ಎಣ್ಣೆ ಕುಡಿಸಿ. ಹಿಡಿಯ ತೂತಿಗೆ ಕೆಂಪು ದಾರ ಕಟ್ಟಿದರೆ ಶೇಂಗಾ ಬಳ್ಳಿಯಲ್ಲಿ ಬಿದ್ದರೂ ಕಣ್ಣಿಗೆ ಬೀಳುತ್ತದೆ.

ಮಸೆಯುವುದು

ಮೊಂಡು ಚಾಕುವೇ ಹೆಚ್ಚು ಅಪಾಯ. ಬಲ ಹಾಕಿ ಒತ್ತುತ್ತೇವೆ, ಜಾರುತ್ತದೆ, ಕೈಗೆ ಬರುತ್ತದೆ. ಬಾಯನ್ನು ಬಿಸಿಲಿಗೆ ಹಿಡಿದಾಗ ಬಿಳಿಗೆರೆ ಮಿಂಚಿದರೆ ಅಲ್ಲಿ ಮೊಂಡಾಗಿದೆ ಎಂದರ್ಥ. ಹರಿತವಾದ ಬಾಯಿಗೆ ಮಿಂಚು ಇಲ್ಲ.

ಒಂದು ಮಗ್ಗುಲು ಒರಟು, ಇನ್ನೊಂದು ಮಗ್ಗುಲು ನಯ ಇರುವ ಕಲ್ಲು ಅಂಗಡಿಯಲ್ಲಿ ಸಿಗುತ್ತದೆ. ಚಾಕುವಿನ ಬೆನ್ನನ್ನು ಅಲಗಿನ ಅಗಲದ ಮೂರನೇ ಒಂದು ಪಾಲಿನಷ್ಟು ಕಲ್ಲಿನಿಂದ ಎತ್ತಿ ಹಿಡಿದು, ಎರಡೂ ಕಡೆ ಸಮನಾಗಿ ಎಳೆಯಿರಿ. ಆಗ ಓರೆ ಸುಮಾರು 20 ಡಿಗ್ರಿ ಬರುತ್ತದೆ. ನೈಲಾನ್ ಹಗ್ಗ ಕೊಯ್ಯುವವರು ಒರಟು ಮಗ್ಗುಲಲ್ಲೇ ನಿಲ್ಲಿಸಿ. ಬಹಳ ನಯ ಮಾಡಿದ ಬಾಯಿ ನೈಲಾನ್ ಮೇಲೆ ಜಾರುತ್ತದೆ, ತುಸು ಒರಟಿದ್ದರೆ ಗರಗಸದಂತೆ ಕಚ್ಚುತ್ತದೆ.

ಕರೆಂಟಿನ ಸಾಣೆಚಕ್ರದ ವಿಷಯದಲ್ಲಿ ಎಚ್ಚರ. ಕಿಡಿ ಹಾರುವಾಗ ಚೆನ್ನ, ಆದರೆ ಬಾಯಿ ನೀಲಿಯಾದರೆ ಅಲ್ಲಿ ಹದ ಹೋಯಿತು. ಮೊದಲೇ ಹೇಳಿದೆನಲ್ಲ, ಸಣ್ಣ ಚಾಕುವಿಗೆ ನೀಲಿ ಬರಬಾರದು. ಘಳಿಗೆಗೊಮ್ಮೆ ನೀರಿಗೆ ಅದ್ದಲು ಹೇಳಿ. ಒಪ್ಪದಿದ್ದರೆ ಚಾಕು ವಾಪಸು ತನ್ನಿ. ಹಿಡಿ ಬಿಚ್ಚಲು ಚಾಕುವನ್ನು ಒಲೆಗೆ ಇಡುವುದೂ ಹದಕ್ಕೆ ಕೊಳ್ಳಿ ಇಟ್ಟ ಹಾಗೆ.

ಇನ್ನು ಕೆಲವು ಮಾತು

ಇಂಗಾಲದ ಉಕ್ಕು ಮಾವಿನ ಸೊನೆ, ಈರುಳ್ಳಿ, ನಿಂಬೆ ತಾಗಿದರೆ ಕಪ್ಪಾಗುತ್ತದೆ. ಕಪ್ಪಿಗೆ ಹೆದರಬೇಡಿ, ಕೆಂಪು ತುಕ್ಕಿಗೆ ಹೆದರಿ. ಒರೆಸಿ ಹರಳೆಣ್ಣೆ ಸವರಿದರೆ ಸಾಕು. ನಾವು ಆಯುಧಪೂಜೆ ದಿನ ಕುಂಕುಮ ಹಚ್ಚುತ್ತೇವೆ, ಮಿಕ್ಕ ದಿನ ತುಕ್ಕು ಹಿಡಿಸುತ್ತೇವೆ.

ಕ್ರಿಮಿನಾಶಕದ ಪೊಟ್ಟಣ, ಔಷಧಿ ಹಚ್ಚಿದ ಬೀಜದ ಚೀಲ ಕತ್ತರಿಸಿದ ಚಾಕುವಿನಲ್ಲಿ ಹಣ್ಣು, ಈರುಳ್ಳಿ ಕೊಯ್ಯಬೇಡಿ. ಒರೆಸಿದರೆ ಸಾಲದು. ಅದಕ್ಕೆಂದೇ ಒಂದು ಹಳೇ ಚಾಕು ಔಷಧಿ ಡಬ್ಬಿ ಜೊತೆ, ಮಕ್ಕಳ ಕೈಗೆ ಸಿಗದಂತೆ ಇರಲಿ. ಕೈ ಕೊಯ್ದುಕೊಂಡರೆ ಅರಿಸಿನ ಮೆತ್ತಿ ಸುಮ್ಮನಾಗಬೇಡಿ. ಸೋಪು ನೀರಿನಲ್ಲಿ ತೊಳೆದು, ಆಸ್ಪತ್ರೆಗೆ ಹೋಗಿ ಧನುರ್ವಾಯು ಚುಚ್ಚುಮದ್ದಿನ ವಿಚಾರ ಕೇಳಿ.

ಕಾನೂನೂ ತಿಳಿದಿರಲಿ. 1959ರ ಆಯುಧ ಕಾಯ್ದೆ, ಅದರ 2016ರ ನಿಯಮಗಳ ಪ್ರಕಾರ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗು ಆಯುಧದ ಲೆಕ್ಕಕ್ಕೆ ಬರುತ್ತದೆ. ಮನೆಗೆಲಸ, ಬೇಸಾಯ, ಕೈಗಾರಿಕೆ, ವಿಜ್ಞಾನದ ಕೆಲಸಕ್ಕೆಂದು ಮಾಡಿದವು ಇದಕ್ಕೆ ಹೊರತು. ಹಾಗಂತ ಚುನಾವಣೆ, ಗಲಾಟೆ ಕಾಲದಲ್ಲಿ, ಕೋರ್ಟು ಕಚೇರಿಗೆ ಹೋಗುವಾಗ ಚಾಕು ಮನೆಯಲ್ಲೇ ಇರಲಿ. ಗುಂಡಿ ಒತ್ತಿದರೆ ಚಟ್ಟನೆ ಹಾರುವ ಚಾಕು ರೈತನಿಗೆ ಯಾವ ಕೆಲಸಕ್ಕೂ ಬಾರದು, ಪೊಲೀಸರ ಅನುಮಾನಕ್ಕೆ ಮಾತ್ರ ಬರುತ್ತದೆ.

ನಿಮ್ಮ ಸುತ್ತ ಹತ್ತಾರು ಮೈಲಿಯಲ್ಲಿ ಎಲ್ಲಾದರೂ ಕುಲುಮೆ ಉರಿಯುತ್ತಿದ್ದರೆ, ಅಂಗಡಿಗೆ ಹೋಗುವ ಮುಂಚೆ ಅಲ್ಲಿಗೆ ಹೋಗಿ. ಗುಜರಿಯಿಂದ ಕಮಾನು ಪಟ್ಟಿ ತುಂಡೊಂದು ಒಯ್ದು ಕೊಟ್ಟು, ಕೂಲಿ ಚೌಕಾಸಿ ಮಾಡದೆ, ಎದುರಿಗೆ ಕೂತು ಮಾಡಿಸಿಕೊಳ್ಳಿ. ಅಂಗಡಿ ಚಾಕುವಿಗಿಂತ ನೂರಿನ್ನೂರು ಹೆಚ್ಚಾಗಬಹುದು. ಬಾಯಿ ಮಡಚಿದರೆ ಹೋಗಿ ಕೇಳಲು ಒಬ್ಬರು ಇರುತ್ತಾರಲ್ಲ, ಆ ಹೆಚ್ಚಿನ ದುಡ್ಡು ಅದಕ್ಕೆ. ನಾವು ಕೆಲಸ ಕೊಡದಿದ್ದರೆ ಉಳಿದಿರುವ ನಾಲ್ಕು ಕುಲುಮೆಯೂ ಆರಿ, ಹದ ಕೇಳಲು ಯಾರೂ ಇಲ್ಲದ ಹಾಗಾಗುತ್ತದೆ.

ನಿಮ್ಮ ಕಡೆ ಯಾವ ಉಕ್ಕು, ಯಾವ ಮರದ ಹಿಡಿ ಬಾಳಿಕೆ ಬರುತ್ತದೆ ಎಂದು ಬಲ್ಲವರು ಪತ್ರಿಕೆಗೆ ಬರೆಯಿರಿ. ನಮ್ಮಂಥವರಿಗೆ ಉಪಕಾರವಾಗುತ್ತದೆ.