ಎರಡನೆಯ ಕರೆ: ನಂಬಿಕೆಯೆಷ್ಟು, ನಿಜವೆಷ್ಟು

ಉದ್ಯೋಗಾರ್ಥಿಯಾದ ಮಗನಿಗೆ ಎರಡನೆಯ ಬಾರಿ ಸಂದರ್ಶನಕ್ಕೆ ಬರಬೇಕೆಂದು ಕರೆ ಬಂದ ದಿನ ನಮ್ಮ ಮನೆಗಳಲ್ಲಿ ದೇವರ ಮುಂದೆ ತುಪ್ಪದ ದೀಪ ಹಚ್ಚುವುದೂ, ನೆರೆಮನೆಗೆ ಪೇಡ ಹೋಗುವುದೂ, "ಇನ್ನೇನು, ಕೆಲಸ ಆದ ಹಾಗೆಯೇ" ಎಂದು ಸೋದರಮಾವಂದಿರು ಫೋನಿನಲ್ಲಿ ಅಭಯವೀಯುವುದೂ ವಾಡಿಕೆ. ದೀಪಕ್ಕೂ ಪೇಡಕ್ಕೂ ನನ್ನ ಆಕ್ಷೇಪವಿಲ್ಲ. ಇರುವುದು ಆ 'ಆದ ಹಾಗೆಯೇ' ಎಂಬ ಮಾತಿನ ಮೇಲೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹಲವು ವರ್ಷಗಳ ಕಾಲ ಆಯ್ಕೆಯ ಮಂಡಳಿಯಲ್ಲಿ ಕುಳಿತವನು ನಾನು. ಒಂದು ಹುದ್ದೆಗೆ ನಾವು ಎರಡನೆಯ ಸುತ್ತಿಗೆ ಮೂವರನ್ನು, ಕೆಲವೊಮ್ಮೆ ನಾಲ್ವರನ್ನು ಕರೆಯುತ್ತಿದ್ದೆವು. ಅಂದರೆ ಮೂರು ಮನೆಗಳಲ್ಲಿ ದೀಪ ಉರಿಯುತ್ತಿದ್ದಾಗ ನಮ್ಮಲ್ಲಿದ್ದುದು ಒಂದೇ ಕುರ್ಚಿ. ಈ ಭರವಸೆಯೊಂದನ್ನೇ ನಂಬಿ, ನೇಮಕದ ಪತ್ರ ಕೈಸೇರುವ ಮೊದಲೇ ಇದ್ದ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟು ಬಂದವರನ್ನೂ ನಾನು ಕಂಡಿದ್ದೇನೆ. ಅವರ ಮುಖವನ್ನು ನೋಡುವುದು ಸುಲಭವಾಗಿರಲಿಲ್ಲ.

ಇದಕ್ಕೆ ನೇರ ವಿರುದ್ಧವಾದ, ಆದರೆ ಅಷ್ಟೇ ಪ್ರಬಲವಾದ ಇನ್ನೊಂದು ನಂಬಿಕೆಯುಂಟು: ಎರಡನೆಯ ಸಂದರ್ಶನವೆಂಬುದು ಮೊದಲನೆಯದರ ಪುನರಾವೃತ್ತಿ, ಅಂದು ಹೇಳಿದ್ದನ್ನೇ ಇನ್ನಷ್ಟು ಗಟ್ಟಿಯಾಗಿ ಬಾಯಿಪಾಠ ಮಾಡಿಕೊಂಡು ಹೋದರೆ ಸಾಕು, ಎಂದು. ವಸ್ತುಸ್ಥಿತಿ ಹಾಗಿಲ್ಲ. ಮೊದಲ ಸಲ ಕುಳಿತವರು ಕೇಳುವುದು 'ಇವನಿಗೆ ಕೆಲಸ ಬರುತ್ತದೆಯೇ' ಎಂದು; ಆ ಪ್ರಶ್ನೆಗೆ ಒಂದು ಮಟ್ಟಿಗೆ ಉತ್ತರ ದೊರೆತುದರಿಂದಲೇ ಎರಡನೆಯ ಕರೆ ಹೋಗುತ್ತದೆ. ಎರಡನೆಯ ಸಲ ಕುಳಿತಿರುವವರು ಬಹುಮಟ್ಟಿಗೆ ನಾಳೆ ಇವನೊಡನೆ ದಿನವೂ ಏಗಬೇಕಾದವರು: ವಿಭಾಗದ ಮುಖ್ಯಸ್ಥ, ಶಿಫ್ಟಿನ ಮೇಲ್ವಿಚಾರಕ, ಕೆಲವು ಕಡೆ ಮಾಲೀಕನೇ. ಅವರ ಮುಂದೆ ಒಂದು ಹಾಳೆ ಇರುತ್ತದೆ. ಅಭ್ಯರ್ಥಿಗಳು ಆ ಹಾಳೆಯನ್ನು ಮರೆಯುತ್ತಾರೆ. ಮೊದಲ ಸುತ್ತಿನವರು ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಎರಡು ಮೂರು ಮಾತುಗಳೇ ಎರಡನೆಯ ಸಂದರ್ಶನದ ಪ್ರಶ್ನಪತ್ರಿಕೆ. 'ಎರಡು ವರ್ಷದಲ್ಲಿ ಮೂರು ಕೆಲಸ, ಏಕೆ?' 'ರಿಜೆಕ್ಷನ್ ಇಳಿಸಿದೆನೆನ್ನುತ್ತಾನೆ, ವಿಚಾರಿಸಿ.' (ರಿಜೆಕ್ಷನ್ ಎಂದರೆ ಹಾಳಾಗಿ ಹೊರಬೀಳುವ ಮಾಲು.) ಆದುದರಿಂದ ಸಿದ್ಧತೆಯೆಂದರೆ ಹೊಸ ಪುಸ್ತಕ ಓದುವುದಲ್ಲ. ಮೊದಲ ದಿನ ಮನೆಗೆ ಬಂದೊಡನೆ, ನೆನಪು ಹಸಿಯಾಗಿರುವಾಗಲೇ, ತಾನು ಏನೇನು ಹೇಳಿದೆ, ಎಲ್ಲಿ ತಡವರಿಸಿದೆ, ಯಾವ ಮಾತಿಗೆ ಎದುರಿನವರ ಪೆನ್ಸಿಲು ಓಡಿತು, ಎಂದು ಬರೆದಿಟ್ಟುಕೊಂಡು ಅದನ್ನು ಓದುವುದು.

ಆ ಎರಡನೆಯ ಟಿಪ್ಪಣಿ ಇದ್ದ ಹಾಳೆ ನನಗಿನ್ನೂ ನೆನಪಿದೆ. ಹುಡುಗ ಹಾಸನದ ಕಡೆಯವನು, ಡಿಪ್ಲೊಮಾ ಓದಿದವನು. "ರಿಜೆಕ್ಷನ್ ಹೇಗೆ ಇಳಿಯಿತಪ್ಪಾ?" ಎಂದು ನಾನು ಕೇಳಿದರೆ, "ನಾವು ಎಲ್ಲರೂ ಸೇರಿ ಸುಧಾರಿಸಿದೆವು ಸಾರ್" ಎಂದ. ಮತ್ತೆ ಕೇಳಿದೆ, ಮತ್ತೆ 'ನಾವು'. ನಮ್ಮವರಲ್ಲಿ 'ನಾನು ಮಾಡಿದೆ' ಎನ್ನುವುದು ಅಹಂಕಾರವೆಂದೂ 'ನಾವು ಮಾಡಿದೆವು' ಎನ್ನುವುದು ವಿನಯವೆಂದೂ ಚಿಕ್ಕಂದಿನಿಂದ ಬಂದ ಸಂಸ್ಕಾರ. ಆ ಸಂಸ್ಕಾರದ ಬಗ್ಗೆ ನನಗೆ ಗೌರವವೇ ಇದೆ, ಆದರೆ ಆಯ್ಕೆಯ ಮಂಡಳಿಯಲ್ಲಿ ಕುಳಿತವನಿಗೆ ಆ ಬಹುವಚನದೊಳಗೆ ಎದುರಿಗಿರುವ ಮನುಷ್ಯ ಎಲ್ಲಿದ್ದಾನೆಂಬುದೇ ತಿಳಿಯದು. ಕೊನೆಗೆ, "ಅದರಲ್ಲಿ ನಿನ್ನ ಕೈಯಿಂದ ಆದದ್ದೇನು?" ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಳಗಿನ ಶಿಫ್ಟಿನ ಮೊದಲ ತುಣುಕುಗಳಲ್ಲಿಯೇ ಬೋರಿನ, ಎಂದರೆ ಕೊರೆದ ರಂಧ್ರದ, ಅಳತೆ ತಪ್ಪುತ್ತಿದ್ದುದನ್ನೂ, ಎರಡು ವಾರ ಅರ್ಧ ಗಂಟೆಗೊಮ್ಮೆ ತಾನೇ ಅಳತೆ ಬರೆದಿಟ್ಟುದನ್ನೂ, ರಾತ್ರಿಯೆಲ್ಲ ತಣ್ಣಗಿದ್ದ ಯಂತ್ರ ಕಾವೇರುತ್ತ ಹೋದಂತೆ ಅಳತೆ ಸರಿಯುತ್ತಿದೆಯೆಂದು ಕಂಡುಕೊಂಡುದನ್ನೂ, ಅಲ್ಲಿಂದ ಮುಂದೆ ಇಪ್ಪತ್ತು ನಿಮಿಷ ಯಂತ್ರವನ್ನು ಬರಿದೇ ಓಡಿಸಿ ಆಮೇಲೆ ಮಾಲು ಹಾಕುತ್ತಿದ್ದುದನ್ನೂ ಹೇಳಿದ. ನೂರಕ್ಕೆ ಆರು ಹಾಳಾಗುತ್ತಿದ್ದುದು ಎರಡಕ್ಕೆ ಇಳಿದಿತ್ತಂತೆ. ಸಂದರ್ಭ, ತನ್ನ ಪಾಲಿನ ಹೊಣೆ, ತಾನು ಮಾಡಿದ್ದು, ಅದರ ಫಲ: ಎರಡನೆಯ ಸುತ್ತಿನವರು ಬಯಸುವುದು ಇಂಥ ನಾಲ್ಕು ಅಂಗಗಳ ಒಂದು ಕಥೆಯನ್ನು. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ನೋಡಿದಾಗ, ಮನಬಂದಂತೆ ಹರಟುವ ಸಂದರ್ಶನಕ್ಕಿಂತ ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ ಅಂಕವಿಡುವ ಸಂದರ್ಶನವೇ ಮುಂದಿನ ಕೆಲಸದ ಗುಣವನ್ನು ಹೆಚ್ಚು ಸರಿಯಾಗಿ ಸೂಚಿಸುತ್ತದೆಂದು ಕಂಡುಬಂದಿತು. 'ಒಂದು ಸಂದರ್ಭ ಹೇಳಿ' ಎಂಬ ಪ್ರಶ್ನೆ ಇಂದು ಎಲ್ಲೆಡೆ ಕೇಳಿಬರುವುದಕ್ಕೆ ಇಂಥ ಶೋಧನೆಗಳೂ ಕಾರಣ.

ವ್ಯಕ್ತಿತ್ವ ವಿಕಸನದ ತರಗತಿಗಳಲ್ಲಿ ಹಣ ತೆತ್ತು ಕಲಿಯುವ ಭ್ರಮೆಯೊಂದಿದೆ. ಮಾತಿನ ಪರಿಣಾಮದಲ್ಲಿ ಶಬ್ದಾರ್ಥದ ಪಾಲು ನೂರಕ್ಕೆ 7 ಮಾತ್ರ, ಧ್ವನಿಯದು 38, ಮುಖಭಾವ ಅಂಗಭಂಗಿಗಳದು 55 ಎಂದು ಅಲ್ಲಿ ಹಲಗೆಯ ಮೇಲೆ ಬರೆದು ತೋರಿಸುತ್ತಾರೆ. ಈ ಅಂಕಿಗಳ ಮೂಲ, ಆಲ್ಬರ್ಟ್ ಮೆಹ್ರಾಬಿಯನ್ ಎಂಬ ವಿದ್ವಾಂಸರು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು. ಅಲ್ಲಿ ಯಾರೂ ಯಾರನ್ನೂ ಸಂದರ್ಶಿಸಲಿಲ್ಲ. ಬಿಡಿ ಬಿಡಿ ಶಬ್ದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿ, ಮುಖಗಳ ಭಾವಚಿತ್ರ ತೋರಿಸಿ, ನುಡಿದವರ ಒಲವು ತಿರಸ್ಕಾರಗಳನ್ನು ಊಹಿಸುವಂತೆ ಕೇಳಲಾಗಿತ್ತು, ಅಷ್ಟೆ. ಭಾವನೆ ಮನೋಧರ್ಮಗಳ ಮಾತಲ್ಲದೆಡೆ ಈ ಲೆಕ್ಕ ಸಲ್ಲದೆಂದು ಮೆಹ್ರಾಬಿಯನ್ನರೇ ಸ್ಪಷ್ಟಪಡಿಸಿದ್ದಾರೆ. ಮೇಲೆ ಹೇಳಿದ ಹುಡುಗ ನೂರಕ್ಕೆ 7ರ ಮಾತನ್ನು ನಂಬಿ ಬೋರಿನ ಕಥೆಯನ್ನು ಬಿಟ್ಟು ಭುಜ ನೆಟ್ಟಗೆ ಮಾಡಿ ಕುಳಿತಿದ್ದರೆ ನಮಗೆ ಏನು ತಿಳಿಯುತ್ತಿತ್ತು? ಮೊದಲ ದಿನ ಹಾಕಿದ್ದ ಅಂಗಿಯನ್ನೇ ಮತ್ತೆ ತೊಟ್ಟು ಹೋಗಬಾರದೆಂಬುದೂ ಈ ಜಾತಿಯದೇ. ಒಗೆದು ಇಸ್ತ್ರಿ ಮಾಡಿದ್ದರೆ ಅದನ್ನು ನೆನಪಿಡುವಷ್ಟು ಬಿಡುವು ಮಂಡಳಿಯವರಿಗಿಲ್ಲ.

ಸಂಬಳದ ಮಾತೆತ್ತುವುದು ಅಸಭ್ಯವೆಂಬ ಸಂಕೋಚದಿಂದ ಆಗುವ ನಷ್ಟವನ್ನಂತೂ ರೂಪಾಯಿಗಳಲ್ಲಿಯೇ ಎಣಿಸಬಹುದು. ಮೊದಲ ಸುತ್ತಿನಲ್ಲಿ ಅದು ಅವಸರವೇ ಸರಿ. ಎರಡನೆಯದರಲ್ಲಿ ಅವರೇ ಕೇಳುವುದುಂಟು, ಕೇಳಿದಾಗ ಲೆಕ್ಕ ಗೊತ್ತಿರಬೇಕು. 'ವರ್ಷಕ್ಕೆ 6 ಲಕ್ಷ ಸಿಟಿಸಿ' (ನೌಕರನಿಗಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚ) ಎಂದೊಡನೆ ತಿಂಗಳಿಗೆ 50,000 ಕೈಗೆ ಬರುವುದೆಂದು ಎಣಿಸುವವರೇ ಹೆಚ್ಚು. ಮೂಲವೇತನ ಅದರ ಅರ್ಧ, ಎಂದರೆ 25,000 ಎಂದಿಟ್ಟುಕೊಳ್ಳಿ. ಭವಿಷ್ಯನಿಧಿಗೆ ಮಾಲೀಕನು ಕೊಡುವ ನೂರಕ್ಕೆ 12ರ ಪಾಲು, 3,000, ಆ ಐವತ್ತು ಸಾವಿರದೊಳಗೇ ಸೇರಿರುತ್ತದೆ. ನೌಕರನ ಪಾಲು ಮತ್ತೆ 3,000. ಗ್ರಾಚ್ಯುಯಿಟಿಗೆಂದು ನೂರಕ್ಕೆ 4.81ರಂತೆ ಸುಮಾರು 1,200. ಇದು ಸಾಮಾನ್ಯವಾಗಿ ಐದು ವರ್ಷ ಸೇವೆ ತುಂಬಿದವನಿಗೆ ಮಾತ್ರ ದಕ್ಕುವ ಹಣ. ವೃತ್ತಿ ತೆರಿಗೆ 200. ಉಳಿದದ್ದು ಸುಮಾರು 42,600. ವಿಮೆಯ ಕಂತು, ವರ್ಷಾಂತ್ಯದ ಪ್ರೋತ್ಸಾಹಧನ ಮುಂತಾದವು ಅದರಲ್ಲಡಗಿದ್ದರೆ ಇನ್ನೂ ಕಡಮೆ. "ಇದರಲ್ಲಿ ತಿಂಗಳಿಗೆ ಕೈಗೆ ಬರುವುದೆಷ್ಟು ಸಾರ್?" ಎಂದು ಕೇಳಿದವನನ್ನು ದುರಾಸೆಯವನೆಂದು ನಾನು ಎಂದೂ ಎಣಿಸಲಿಲ್ಲ, ಲೆಕ್ಕ ಬಲ್ಲವನೆಂದು ಎಣಿಸಿದೆ.

ಕೊನೆಯದಾಗಿ, "ನೀವೇನಾದರೂ ಕೇಳುವುದಿದೆಯೇ?" ಎಂದಾಗ "ಏನಿಲ್ಲ ಸಾರ್" ಎನ್ನುವುದೇ ಮರ್ಯಾದೆ ಎಂಬ ನಂಬಿಕೆ. ಹಾಸನದ ಆ ಹುಡುಗ ಹಾಗೆನ್ನಲಿಲ್ಲ. ಕುರ್ಚಿಯಿಂದ ಅರ್ಧ ಎದ್ದವನು ಮತ್ತೆ ಕುಳಿತು, "ಸಾರ್, ಈ ಜಾಗದಲ್ಲಿ ನನಗಿಂತ ಮುಂಚೆ ಇದ್ದವರು ಯಾಕೆ ಬಿಟ್ಟರು?" ಎಂದು ಕೇಳಿದ. ನಮಗೆ ಮೂವರಿಗೂ ಕಾರಣ ಗೊತ್ತಿತ್ತು; ಆ ಕಾರಣ ನಮ್ಮ ಮಧ್ಯದಲ್ಲಿಯೇ ಕುಳಿತಿತ್ತು. ವಿಭಾಗದ ಮುಖ್ಯಸ್ಥರು ನೀರಿನ ಲೋಟಕ್ಕೆ ಕೈಹಾಕಿದರು.