ಕ್ಯಾನ್ಸರ್ ಚಿಕಿತ್ಸೆಯ ನಂತರ ಹಿರಿಯರ ಆಟ: ಗ್ರಾಮದ ಮೈದಾನ ಏನು ಮಾಡಬಲ್ಲದು?

ಗ್ರಾಮದ ಆಟದ ಮೈದಾನವು ಶಾಲಾ ಮಕ್ಕಳಿಗೂ ಯುವಕ ಸಂಘಗಳಿಗೂ ಸೇರಿದುದು ಎಂಬುದು ಸಾಮಾನ್ಯ ಭಾವನೆ. ಅರವತ್ತು ದಾಟಿದವರಿಗೆ, ಅದರಲ್ಲಿಯೂ ಕ್ಯಾನ್ಸರ್ ಚಿಕಿತ್ಸೆ ಪಡೆದವರಿಗೆ, ಮೈದಾನದಲ್ಲಿ ಏನು ಕೆಲಸ ಎಂದು ಕೇಳುವವರೇ ಹೆಚ್ಚು. ಡೆನ್ಮಾರ್ಕ್ ದೇಶದಲ್ಲಿ ನಡೆದ ಅಧ್ಯಯನಗಳು ಈ ಪ್ರಶ್ನೆಗೆ ಬೇರೆಯೇ ಉತ್ತರ ನೀಡಿವೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಹಿರಿಯ ಗಂಡಸರು ವಾರಕ್ಕೆ ಎರಡು ಮೂರು ದಿನ ಫುಟ್‌ಬಾಲ್ ಆಡಿದುದರಿಂದ ದೊರೆತ ಪ್ರಯೋಜನವನ್ನೂ, ಆ ಆಟದ ಮಿತಿ ಮತ್ತು ಅಪಾಯಗಳನ್ನೂ, ಅದರಿಂದ ಗ್ರಾಮ ಪಂಚಾಯಿತಿಗಳು ಕಲಿಯಬಹುದಾದುದನ್ನೂ ಮಾನ್ಯ ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ರೋಗ ಮತ್ತು ಅದರ ಚಿಕಿತ್ಸೆ

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಗ್ರಂಥಿ. ವಯಸ್ಸಾದಂತೆ ಈ ಗ್ರಂಥಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುವ ಸಂಭವ ಹೆಚ್ಚುತ್ತದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯ ಪ್ರಕಾರವೂ, ನಗರದ ಗಂಡಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್‌ಗಳ ಸಾಲಿನಲ್ಲಿ ಇದು ಸೇರಿದೆ. ಆರೋಗ್ಯ ಇಲಾಖೆಯು ಮೂವತ್ತು ದಾಟಿದವರಿಗೆ ನಡೆಸುವ ತಪಾಸಣೆಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳು ಸೇರಿವೆಯೇ ಹೊರತು ಪ್ರಾಸ್ಟೇಟ್ ಸೇರಿಲ್ಲ. ಆದುದರಿಂದ ಮೂತ್ರ ವಿಸರ್ಜನೆಗೆ ತೊಂದರೆಯಾದಾಗ ಅಥವಾ ಬೆನ್ನುಮೂಳೆ ನೋಯತೊಡಗಿದಾಗ ಆಸ್ಪತ್ರೆಗೆ ಹೋಗುವವರೇ ಗ್ರಾಮಾಂತರ ಪ್ರದೇಶದಲ್ಲಿ ಹೆಚ್ಚು.

ಈ ಕ್ಯಾನ್ಸರ್ ಬೆಳೆಯಲು ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಆಸರೆಯಾಗುತ್ತದೆ. ಇದನ್ನು 1941ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯ ವಿಜ್ಞಾನಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ರೋಗವು ಮುಂದುವರಿದಿದ್ದಲ್ಲಿ ಈ ಹಾರ್ಮೋನನ್ನು ತಗ್ಗಿಸುವುದೇ ಇಂದಿಗೂ ಮುಖ್ಯ ಚಿಕಿತ್ಸೆ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ನೀಡುವ ಚುಚ್ಚುಮದ್ದಿನಿಂದಾಗಲಿ, ವೃಷಣಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯಿಂದಾಗಲಿ ಇದನ್ನು ಸಾಧಿಸಲಾಗುತ್ತದೆ.

ಈ ಚಿಕಿತ್ಸೆ ಅನೇಕರ ಆಯುಸ್ಸನ್ನು ಹೆಚ್ಚಿಸಿದೆ. ಆದರೆ ಟೆಸ್ಟೋಸ್ಟೆರಾನ್ ಕ್ಯಾನ್ಸರ್‌ಗೆ ಮಾತ್ರವಲ್ಲದೆ ಸ್ನಾಯು ಮತ್ತು ಮೂಳೆಗಳಿಗೂ ಬೇಕಾದುದು. ಅದು ತಗ್ಗಿದಾಗ ಸ್ನಾಯುಗಳು ಸೊರಗುತ್ತವೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಮೂಳೆಗಳು ಟೊಳ್ಳಾಗತೊಡಗುತ್ತವೆ. ಮಧುಮೇಹ ಮತ್ತು ಹೃದ್ರೋಗದ ಸಂಭವ ಹೆಚ್ಚುತ್ತದೆ. ಮೈಯೆಲ್ಲ ಬಿಸಿಯೇರಿ ಬೆವರುವುದು, ಸದಾ ಆಯಾಸ, ಮನಸ್ಸು ಕುಗ್ಗುವುದು ಇವೂ ಉಂಟು. ಕ್ಯಾನ್ಸರನ್ನು ಗೆದ್ದ ವ್ಯಕ್ತಿಯು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿಯುವ ಅಪಾಯ ಇರುವುದು ಇದರಿಂದಲೇ.

ವಿಶ್ರಾಂತಿ ಎಂಬ ಹೆಸರಿನ ಹಾನಿ

ಚಿಕಿತ್ಸೆ ಮುಗಿಸಿ ಊರಿಗೆ ಮರಳಿದ ಹಿರಿಯರನ್ನು ಮನೆಯವರು ಪ್ರೀತಿಯಿಂದಲೇ ಜಗಲಿಯ ಮೇಲೆ ಕೂರಿಸುತ್ತಾರೆ. ‘ಭಾರ ಎತ್ತಬೇಡಿ, ಹೊಲದ ಕಡೆ ಬರಬೇಡಿ’ ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ಕೆಲವು ವಾರಗಳಿಗೆ ಈ ಎಚ್ಚರಿಕೆ ಸರಿ. ಅದೇ ವರ್ಷಗಟ್ಟಲೆ ಮುಂದುವರಿದರೆ, ಔಷಧದಿಂದ ಆಗುವ ನಷ್ಟಕ್ಕೆ ಕುಳಿತಿರುವುದರಿಂದ ಆಗುವ ನಷ್ಟವೂ ಸೇರುತ್ತದೆ.

ಕಟ್ಟಡದ ತೊಲೆಯು ಎಷ್ಟು ವರ್ಷ ಭಾರ ಹೊತ್ತರೂ ಅದರಿಂದ ಗಟ್ಟಿಯಾಗುವುದಿಲ್ಲ. ಮೂಳೆ ಹಾಗಲ್ಲ, ಅದು ಜೀವಂತ ವಸ್ತು. ಭಾರ ಬಿದ್ದ ಕಡೆ ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ, ಭಾರ ತಪ್ಪಿದರೆ ಕರಗುತ್ತದೆ. ಜರ್ಮನಿಯ ವೈದ್ಯ ಯೂಲಿಯುಸ್ ವೋಲ್ಫ್ ಈ ತತ್ವವನ್ನು 1892ರಷ್ಟು ಹಿಂದೆಯೇ ನಿರೂಪಿಸಿದ್ದರು. ಮೂಳೆ ಉಳಿಯಬೇಕಾದರೆ ಕಾಲುಗಳ ಮೇಲೆ ಭಾರ ಬೀಳುವಂತಹ ಚಲನೆ ಬೇಕು.

ಕೋಪನ್‌ಹೇಗನ್‌ನ ಪ್ರಯೋಗ

ಈ ತಿಳಿವಳಿಕೆಯ ಆಧಾರದ ಮೇಲೆ ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನ ಸಂಶೋಧಕರು ‘ಎಫ್‌ಸಿ ಪ್ರಾಸ್ಟೇಟ್’ ಎಂಬ ಪ್ರಯೋಗವನ್ನು ಕೈಗೊಂಡರು. ಹಾರ್ಮೋನು ತಗ್ಗಿಸುವ ಚಿಕಿತ್ಸೆಯಲ್ಲಿದ್ದ 57 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಅವರ ಸರಾಸರಿ ವಯಸ್ಸು 67. ಒಂದು ಗುಂಪಿನವರು 12 ವಾರಗಳ ಕಾಲ ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿ 45ರಿಂದ 60 ನಿಮಿಷ ಫುಟ್‌ಬಾಲ್ ತರಬೇತಿ ಪಡೆದರು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ ಮುಂದುವರಿಯಿತು.

ಆಟದ ಗುಂಪಿನವರು ಮೊದಲು ಮೈ ಬಿಸಿ ಮಾಡಿಕೊಳ್ಳುವ, ಸಮತೋಲ ಸಾಧಿಸುವ ವ್ಯಾಯಾಮ ಮಾಡುತ್ತಿದ್ದರು. ಆಮೇಲೆ ಸಣ್ಣ ಅಂಕಣದಲ್ಲಿ, ಕಡಿಮೆ ಆಟಗಾರರ ತಂಡಗಳಾಗಿ, ನಡುನಡುವೆ ಬಿಡುವು ಪಡೆದು ಆಡುತ್ತಿದ್ದರು. 12 ವಾರಗಳ ಕೊನೆಗೆ ಅವರ ಸ್ನಾಯುಸಹಿತ ದೇಹತೂಕ ಸುಮಾರು ಅರ್ಧ ಕಿಲೋ ಹೆಚ್ಚಿತ್ತು, ಕಾಲಿನ ಬಲವೂ ಹೆಚ್ಚಿತ್ತು. ಅರ್ಧ ಕಿಲೋ ಎಂದರೆ ಅಲ್ಪವೆನಿಸಬಹುದು. ಆದರೆ ಸ್ನಾಯುವನ್ನು ಕರಗಿಸುವ ಚಿಕಿತ್ಸೆ ನಡೆಯುತ್ತಿರುವಾಗಲೇ ಸ್ನಾಯು ಬೆಳೆಯಿತು ಎಂಬುದು ಇಲ್ಲಿನ ಮಹತ್ವದ ಸಂಗತಿ.

ಆಸ್ಪತ್ರೆಯಿಂದ ಊರಿನ ಕ್ಲಬ್ಬಿಗೆ

ಸಂಶೋಧಕರ ಕಣ್ಣೆದುರು ಸಾಧ್ಯವಾದುದು ಸಾಮಾನ್ಯ ಊರಿನ ಕ್ಲಬ್ಬಿನಲ್ಲಿಯೂ ಸಾಧ್ಯವೇ ಎಂಬುದು ಮುಂದಿನ ಪ್ರಶ್ನೆ. ಇದಕ್ಕಾಗಿ ನಡೆದ ಎರಡನೆಯ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ 214 ಮಂದಿ ಭಾಗವಹಿಸಿದ್ದರು. ಆಟದ ಗುಂಪಿನವರು ತಮ್ಮ ತಮ್ಮ ಸ್ಥಳೀಯ ಕ್ಲಬ್ಬುಗಳಲ್ಲಿ ವಾರಕ್ಕೆ ಎರಡು ಬಾರಿ ಒಂದೊಂದು ಗಂಟೆ ಆಡಿದರು.

ಇದರ ಫಲಿತಾಂಶ ಮಿಶ್ರವಾಗಿತ್ತು. ರೋಗಕ್ಕೆ ಸಂಬಂಧಿಸಿದ ಜೀವನ ಗುಣಮಟ್ಟದ ಅಳತೆಯಲ್ಲಿ 12 ವಾರಗಳ ನಂತರ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆರು ತಿಂಗಳಾಗುವಾಗ ಆಡಿದವರ ಮಾನಸಿಕ ಆರೋಗ್ಯವೂ ಸೊಂಟದ ಮೂಳೆಯ ಸಾಂದ್ರತೆಯೂ ಇನ್ನೊಂದು ಗುಂಪಿನವರಿಗಿಂತ ಉತ್ತಮವಾಗಿದ್ದವು. ಆಟವಾಡುವಾಗ ಗಾಯಗೊಂಡವರೂ, ಮೂಳೆ ಮುರಿದುಕೊಂಡವರೂ ಇದ್ದರು. ಆಟವು ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂದು ಈ ಅಧ್ಯಯನಗಳು ಹೇಳಿಲ್ಲ. ಔಷಧಕ್ಕೆ ಬದಲಾಗಿ ಆಟ ಎಂದೂ ಯಾರೂ ಭಾವಿಸಬಾರದು. ಔಷಧದ ಜೊತೆಗೆ ಆಟವೂ ಇದ್ದರೆ ಔಷಧದಿಂದ ಆಗುವ ನಷ್ಟದ ಒಂದು ಭಾಗವನ್ನು ತುಂಬಿಕೊಳ್ಳಬಹುದು ಎಂಬುದಷ್ಟೇ ಇದರ ಸಾರ.

ವ್ಯಾಯಾಮವಲ್ಲ, ಆಟ

ನಡಿಗೆ, ಯೋಗ, ಭಾರ ಎತ್ತುವ ವ್ಯಾಯಾಮ ಇವುಗಳಿಂದಲೂ ಪ್ರಯೋಜನವಿದೆ. ಹಾಗಿದ್ದರೂ ಆಟವನ್ನು ಆಯ್ದುಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದು ದೇಹಕ್ಕೆ ಸಂಬಂಧಿಸಿದುದು. ಆಟದಲ್ಲಿ ಓಡುವುದು, ನಿಲ್ಲುವುದು, ಹೊರಳುವುದು, ಒದೆಯುವುದು ಎಲ್ಲವೂ ಬೆರೆತಿರುವುದರಿಂದ ಹೃದಯ, ಸ್ನಾಯು, ಮೂಳೆ, ಸಮತೋಲ ನಾಲ್ಕಕ್ಕೂ ಒಂದೇ ಗಂಟೆಯಲ್ಲಿ ಕೆಲಸ ಸಿಗುತ್ತದೆ.

ಎರಡನೆಯದು ಮನಸ್ಸಿಗೆ ಸಂಬಂಧಿಸಿದುದು, ಬಹುಶಃ ಹೆಚ್ಚು ಮುಖ್ಯವಾದುದು. ಈ ರೋಗದ ಬಗ್ಗೆ ಗಂಡಸರು ಬಾಯಿ ಬಿಡುವುದಿಲ್ಲ. ಮೂತ್ರ ಸೋರುವುದನ್ನಾಗಲಿ, ದಾಂಪತ್ಯದಲ್ಲಿ ಆಸಕ್ತಿ ಕುಂದಿದುದನ್ನಾಗಲಿ ಹೆಂಡತಿಯ ಬಳಿಯೂ ಹೇಳಲು ಸಂಕೋಚಪಡುವವರಿದ್ದಾರೆ. ‘ರೋಗಿಗಳ ಸಭೆ’ ಎಂದು ಕರೆದರೆ ಅಂಥವರು ಬರುವುದಿಲ್ಲ, ಆಟಕ್ಕೆ ಕರೆದರೆ ಬರುತ್ತಾರೆ. ಮೈದಾನದಲ್ಲಿ ತಾವು ರೋಗಿಗಳಲ್ಲ, ತಂಡದ ಆಟಗಾರರು ಎಂಬ ಭಾವನೆ ಮೂಡಿತೆಂದು ಡೆನ್ಮಾರ್ಕ್‌ನ ಆಟಗಾರರು ಸಂದರ್ಶನಗಳಲ್ಲಿ ತಿಳಿಸಿದ್ದಾರೆ. ಒಬ್ಬ ಬಾರದಿದ್ದರೆ ತಂಡ ಅಪೂರ್ಣವಾಗುತ್ತದೆ. ತಾನು ಬೇಕಾದವನು ಎಂಬ ಈ ಅರಿವೇ ಮನೆಯಿಂದ ಹೊರಡಿಸುತ್ತದೆ.

ಫುಟ್‌ಬಾಲ್ ಆ ದೇಶದ ಹಿರಿಯರು ಬಾಲ್ಯದಿಂದ ಬಲ್ಲ ಆಟ. ನಮ್ಮ ಊರುಗಳಲ್ಲಿ ಹಿರಿಯರು ಬಲ್ಲುದು ವಾಲಿಬಾಲ್ ಅಥವಾ ಶಟಲ್ ಆಗಿರಬಹುದು. ಊರಿಗೆ ಹೊಂದುವ ಆಟವನ್ನು, ಹಿರಿಯರಿಗೆ ತಕ್ಕಂತೆ ನಿಯಮ ಸಡಿಲಿಸಿ ಆಡಿಸುವುದು ಜಾಣತನ. ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್ ಪಟ್ಟಣದಲ್ಲಿ 2011ರಲ್ಲಿ ಆರಂಭವಾದ ‘ನಡಿಗೆ ಫುಟ್‌ಬಾಲ್’ನಲ್ಲಿ ಓಡುವುದೇ ನಿಷಿದ್ಧ, ಓಡಿದರೆ ತಪ್ಪು. ಕಬಡ್ಡಿಯಂತೆ ಎಳೆದು ಬೀಳಿಸುವ ಆಟಗಳು ಮಾತ್ರ ಮೂಳೆ ದುರ್ಬಲವಾದವರಿಗೆ ಸಲ್ಲವು.

ಯಾರು ಎಚ್ಚರ ವಹಿಸಬೇಕು

ಚಿಕಿತ್ಸೆ ನೀಡುತ್ತಿರುವ ವೈದ್ಯರ ಒಪ್ಪಿಗೆಯಿಲ್ಲದೆ ಯಾರೂ ಆಟ ಆರಂಭಿಸಬಾರದು. ಕ್ಯಾನ್ಸರ್ ಮೂಳೆಗೆ ಹರಡಿರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಮೂತ್ರನಳಿಕೆ ಅಳವಡಿಸಿಕೊಂಡಿರುವವರು, ಎದೆನೋವು ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ವೈದ್ಯರು ಸೂಚಿಸಿದ ವ್ಯಾಯಾಮವನ್ನಷ್ಟೇ ಮಾಡಬೇಕು. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಆಡಬಾರದು.

ಈ ರೋಗಕ್ಕೆ ಚಿಕಿತ್ಸೆ ಪಡೆದವರಲ್ಲಿ ಹೊಸದಾಗಿ ತೀವ್ರ ಬೆನ್ನುನೋವು ಬಂದರೆ, ಕಾಲುಗಳು ಬಲ ಕಳೆದುಕೊಂಡರೆ ಅಥವಾ ಜೋಮು ಹಿಡಿದರೆ, ಮಲಮೂತ್ರದ ಹತೋಟಿ ತಪ್ಪಿದರೆ ಅದು ಬೆನ್ನುಹುರಿಯ ಮೇಲೆ ಒತ್ತಡ ಬಿದ್ದುದರ ಲಕ್ಷಣವಾಗಿರಬಹುದು. ಅಂಥವರನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ತಡವಾದರೆ ಕಾಲುಗಳು ಶಾಶ್ವತವಾಗಿ ಸ್ವಾಧೀನ ಕಳೆದುಕೊಳ್ಳಬಹುದು.

ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1. ‘ಹಿರಿಯರ ಆಟದ ಸಮಯ’ ಎಂದು ವಾರಕ್ಕೆ ಎರಡು ದಿನ, ಬೆಳಿಗ್ಗೆ ಅಥವಾ ಸಂಜೆ ಒಂದು ಗಂಟೆಯನ್ನು ಸಾಮಾನ್ಯ ಸಭೆಯ ನಿರ್ಣಯದ ಮೂಲಕ ಮೀಸಲಿಡಬಹುದು. ಆ ಹೊತ್ತಿನಲ್ಲಿ ಮೈದಾನ ಯುವಕರ ಪಂದ್ಯಗಳಿಗೆ ಹೋಗದಂತೆ ಯುವಕ ಸಂಘದೊಡನೆ ಮೊದಲೇ ಮಾತನಾಡಿಕೊಳ್ಳುವುದು ಒಳ್ಳೆಯದು.

2. ಕಾರ್ಯಕ್ರಮದ ಹೆಸರಿನಲ್ಲಿ ರೋಗದ ಉಲ್ಲೇಖ ಬೇಡ. ಐವತ್ತು ದಾಟಿದ ಎಲ್ಲರಿಗೂ ಅವಕಾಶವಿರಲಿ. ಯಾರಿಗೆ ಯಾವ ರೋಗವಿದೆ ಎಂಬ ಪಟ್ಟಿಯನ್ನು ಪಂಚಾಯಿತಿ ಸಿದ್ಧಪಡಿಸಬಾರದು, ಸಭೆಯಲ್ಲಿ ಓದಲೂಬಾರದು. ಆ ಗೋಪ್ಯತೆ ವೈದ್ಯರ ಮತ್ತು ರೋಗಿಯ ನಡುವೆಯೇ ಉಳಿಯಬೇಕು.

3. ಮೈದಾನದ ಸಮೀಪ ನೀರಿನ ಸೌಕರ್ಯವಿರುವ, ಬಾಗಿಲು ಭದ್ರವಾಗಿರುವ ಶೌಚಾಲಯ ಇರಬೇಕು. ಮೂತ್ರದ ಹತೋಟಿಯ ತೊಂದರೆ ಇರುವವರು ಮೊದಲು ವಿಚಾರಿಸುವುದು ಇದನ್ನೇ. ಇದಿಲ್ಲದಿದ್ದರೆ ಉಳಿದ ಏರ್ಪಾಡೆಲ್ಲ ವ್ಯರ್ಥ.

4. ನೆಲದ ಕಲ್ಲು ಆಯ್ದು, ಗುಂಡಿ ಮುಚ್ಚಿ, ರೋಲರ್ ಹಾಯಿಸಿ ಸಮತಟ್ಟು ಮಾಡಬೇಕು. ಮಳೆನೀರು ನಿಲ್ಲದಂತೆ ಇಳಿಜಾರು ಕೊಡಬೇಕು. ಹಿರಿಯರಿಗೆ ಪೂರ್ಣ ಮೈದಾನ ಬೇಕಿಲ್ಲ, ಒಂದು ಮೂಲೆ ಸಾಕು. ಕುಡಿಯುವ ನೀರು, ನೆರಳು, ಕುಳಿತುಕೊಳ್ಳಲು ಕಲ್ಲುಬೆಂಚು ಇರಲಿ.

5. ಆಟಕ್ಕೆ ಸೇರುವ ಮುನ್ನ ರಕ್ತದೊತ್ತಡ ಮತ್ತು ಸಕ್ಕರೆ ಅಂಶದ ತಪಾಸಣೆಯನ್ನು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗಳ ನೆರವಿನಿಂದ ಏರ್ಪಡಿಸಬಹುದು. ಆಶಾ ಕಾರ್ಯಕರ್ತೆಯರ ಮೂಲಕ ಮನೆಗಳಿಗೆ ಮಾಹಿತಿ ತಲುಪಿಸಬಹುದು. ಪ್ರಥಮ ಚಿಕಿತ್ಸಾ ಪೆಟ್ಟಿಗೆ ಮತ್ತು 108 ಸಂಖ್ಯೆಯ ಫಲಕ ಮೈದಾನದಲ್ಲಿರಬೇಕು.

6. ಶಾಲೆಯ ದೈಹಿಕ ಶಿಕ್ಷಕರನ್ನಾಗಲಿ, ಊರಿನ ಹಳೆಯ ಆಟಗಾರರನ್ನಾಗಲಿ ಕೋರಿ, ಮೊದಲ ಹದಿನೈದು ನಿಮಿಷ ಮೈ ಬಿಸಿ ಮಾಡುವ ವ್ಯಾಯಾಮ ಮಾಡಿಸಬೇಕು. ಇದನ್ನು ಬಿಟ್ಟು ನೇರವಾಗಿ ಆಟಕ್ಕಿಳಿದರೆ ಗಾಯದ ಸಂಭವ ಹೆಚ್ಚು.

7. ಸಾರ್ವಜನಿಕ ಆರೋಗ್ಯದ ವಿಷಯವು ಗ್ರಾಮ ಪಂಚಾಯಿತಿಯ ಸೌಕರ್ಯ ಸಮಿತಿಯ ವ್ಯಾಪ್ತಿಗೆ ಬರುವುದರಿಂದ, ಬಂದವರ ಸಂಖ್ಯೆ ಮತ್ತು ಆದ ಗಾಯಗಳ ವಿವರವನ್ನು ಮೂರು ತಿಂಗಳಿಗೊಮ್ಮೆ ಆ ಸಮಿತಿಯ ಮುಂದಿಡಬಹುದು. ಅಗತ್ಯ ಕಾಮಗಾರಿಗಳನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಬಹುದು.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯನ್ನು ಶಿಫಾರಸು ಮಾಡಿದೆ. ವಾರಕ್ಕೆ ಎರಡು ಗಂಟೆಯ ಆಟವು ಅದರ ಬಹುಭಾಗವನ್ನು ಪೂರೈಸುತ್ತದೆ. ಇದಕ್ಕೆ ಬೇಕಾದ ನೆಲ ಅನೇಕ ಗ್ರಾಮಗಳಲ್ಲಿ ಈಗಾಗಲೇ ಇದೆ, ಚೆಂಡಿನ ಬೆಲೆಯೂ ದೊಡ್ಡದಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಮಾನ್ಯ ಸದಸ್ಯರು ತಮ್ಮ ಗ್ರಾಮದ ಮೈದಾನದ ಸ್ಥಿತಿಯನ್ನೂ ಅದರ ಬಳಿಯ ಶೌಚಾಲಯದ ಸ್ಥಿತಿಯನ್ನೂ ಪರಿಶೀಲಿಸಿ, ಹಿರಿಯರಿಗಾಗಿ ಮೀಸಲಿಡಬಹುದಾದ ದಿನ ಮತ್ತು ಸಮಯದ ಬಗ್ಗೆ ಚರ್ಚಿಸುವುದು ಸೂಕ್ತ.